ಐದರಲ್ಲೊಂದು ಪಾಲಿನ ದಾರ

"ಎಲ್ಲಿ ತಗೊಂಡ್ರಿ ಇದನ್ನ?"

ಈ ಪ್ರಶ್ನೆ ಕೇಳಿದವರಿಗೆಲ್ಲ ಒಂದೊಂದು ಕಲ್ಲು ಎಸೆದಿದ್ದರೆ ರಬಕವಿಯಲ್ಲಿ ಇಷ್ಟೊತ್ತಿಗೆ ಕಲ್ಲೇ ಉಳಿಯುತ್ತಿರಲಿಲ್ಲ. ಎರಡು ವರ್ಷ ಕೂತು, ಕೊರೆದು, ಕತ್ತರಿಸಿ, ಅಂಟಿಸಿ ಮಾಡಿದ ಗ್ಲೈಡರಿನ ಮಾದರಿ ನೋಡಿ ಜನ ಮೊದಲು ಕೇಳುವುದು ಇದನ್ನೇ. ಹೇಗೆ ಮಾಡಿದೆ ಎಂದು ಒಬ್ಬನಾದರೂ ಕೇಳಬೇಕಲ್ಲ! ಹೆಂಡತಿ ಶೇವಂತಿಯ ಅಣ್ಣ ಮುಧೋಳದಿಂದ ಬಂದವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಆನ್‌ಲೈನದಾಗ ಇದಕ್ಕಿಂತ ದೊಡ್ಡದು ಸಿಗತೈತಿ ನೋಡ್ರಿ, ರಿಮೋಟ್ ಸಮೇತ" ಅಂದ. ಆವತ್ತು ಅವನಿಗೆ ಎರಡನೆಯ ಸಲ ಚಹಾ ಸಿಗಲಿಲ್ಲ.

ನನ್ನ ಹೆಸರು ಸುಭಾಷ್. ಇಪ್ಪತ್ತೇಳು ವರ್ಷದಿಂದ ಸೀರೆ ಅಂಗಡಿಯೊಂದರಲ್ಲಿ ತಪಾಸಣೆ ಕೆಲಸ. ಮಗ್ಗದಿಂದ ಬಂದ ಸೀರೆಯನ್ನು ಉದ್ದನೆಯ ಮೇಜಿನ ಮೇಲೆ ಎಳೆದುಕೊಂಡು, ಅಂಗೈ ಆಡಿಸುತ್ತ ಹೋಗಬೇಕು. ಎಲ್ಲಿ ಎಳೆ ತುಂಡಾಗಿದೆ, ಎಲ್ಲಿ ಗಂಟು ಎದ್ದಿದೆ ಎಂದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಸಡಿಲ ಎಳೆ ಸಿಕ್ಕರೆ ಚಿವುಟಿ ತೆಗೆಯುವುದು, ತೆಗೆದದ್ದನ್ನು ಎಡ ಹೆಗಲಿಗೆ ಒರೆಸುವುದು. ನೆಲಕ್ಕೆ ಹಾಕಿದರೆ ಫ್ಯಾನಿನ ಗಾಳಿಗೆ ಎದ್ದು ಮತ್ತೆ ಸೀರೆಯ ಮೇಲೇ ಬಂದು ಕೂರುತ್ತದೆ. ನಮ್ಮ ಕೆಲಸದವರೆಲ್ಲ ಹೀಗೆಯೇ. ಸಂಜೆ ಮನೆಗೆ ಹೋದರೆ ಶೇವಂತಿ ಹೊಸ್ತಿಲಲ್ಲೇ ನಿಲ್ಲಿಸಿ, "ಹೆಗಲ ಮ್ಯಾಲೆ ಹೋಳಿ ಆಡಿ ಬಂದೀರಿ" ಎಂದು ನಾಲ್ಕು ಬಡಿದು, ಆಮೇಲೆ ಒಳಗೆ ಬಿಡುತ್ತಾಳೆ.

ಗ್ಲೈಡರಿನ ಹುಚ್ಚು ಹಿಡಿದದ್ದು ಕಾಲೇಜಿನಲ್ಲಿ. ಎನ್‌ಸಿಸಿ ಕ್ಯಾಂಪಿನಲ್ಲಿ ಒಂದೇ ಒಂದು ಸಲ, ಏಳು ನಿಮಿಷ, ಇಂಜಿನ್ ಇಲ್ಲದ ಆ ವಿಮಾನದ ಮುಂದಿನ ಸೀಟಿನಲ್ಲಿ ಕೂತಿದ್ದೆ. ಎದುರಿಗೆ ನಾಲ್ಕು ಮೀಟರು. ನಾನು ಅವನ್ನೇ ಪಿಳಿಪಿಳಿ ನೋಡುತ್ತಿದ್ದಾಗ ಹಿಂದಿನ ಸೀಟಿನ ತರಬೇತುದಾರ ಬೈದಿದ್ದ: ಮೀಟರು ಬಿಡು, ದಾರ ನೋಡು. ಹೊರಗೆ ಗಾಜಿನ ಮೇಲೆ ನಟ್ಟನಡುವೆ ಒಂದು ಗೇಣು ಉಣ್ಣೆ ದಾರವನ್ನು ಟೇಪಿನಿಂದ ಅಂಟಿಸಿದ್ದರು. ವಿಮಾನ ನೇರ ಹೊರಟರೆ ದಾರ ನೇರ. ಅಡ್ಡ ಜಾರಿದರೆ ದಾರವೂ ಅಡ್ಡ. ಲಕ್ಷಗಟ್ಟಲೆ ಬೆಲೆಯ ವಿಮಾನ ಒಂದು ಎಳೆಯ ಮಾತು ಕೇಳಿ ಹಾರುತ್ತದೆ ಎಂಬುದು ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಎಷ್ಟು ಹಿಡಿಸಿತೆಂದರೆ, ಇವತ್ತಿಗೂ ಆ ಏಳು ನಿಮಿಷದಲ್ಲಿ ಆಕಾಶ ಹೇಗಿತ್ತು ಎಂಬುದು ನೆನಪಿಲ್ಲ, ದಾರ ನೆನಪಿದೆ.

ಆ ಗ್ಲೈಡರನ್ನೇ ಐದರಲ್ಲೊಂದು ಪಾಲಿನ ಅಳತೆಗೆ ಮಾಡಿದೆ. ರೆಕ್ಕೆ, ಬಾಲ ಯಾರಾದರೂ ಮಾಡಬಹುದು. ಪ್ರಾಣ ಹಿಂಡುವುದು ಕಾಕ್‌ಪಿಟ್. ಮೀಟರಿನ ಹಲಗೆಗೆ, ಮಗ್ಗದ ಜಕಾರ್ಡಿನಲ್ಲಿ ಚಿತ್ತಾರ ಮೂಡಿಸಲು ಹಾಕುವ ತೂತಿನ ಹಳೆಯ ರಟ್ಟು ತಂದೆ, ಅದು ಎಂಥ ಮಳೆಗಾಲದಲ್ಲೂ ಸೊಟ್ಟಗಾಗುವುದಿಲ್ಲ. ಹದಿನಾರು ಮಿಲಿಮೀಟರಿನ ಮೀಟರಿನೊಳಗೆ ಅಂಕಿಗಳನ್ನು ಭೂತಗನ್ನಡಿ ಹಿಡಿದು ಬರೆದೆ, ಮುಳ್ಳಿಗೆ ಹಲ್ಲುಜ್ಜುವ ಬ್ರಶ್ಶಿನ ಕೂದಲು ಹಾಕಿದೆ. ನಾಲ್ಕು ಮೀಟರು ಸರಿಬರುವಷ್ಟರಲ್ಲಿ ನಲವತ್ತೊಂದು ಕೆಟ್ಟವು. ಸೀಟಿನ ಬೆಲ್ಟನ್ನು ಅಂಗೈಯಷ್ಟಗಲದ ಮಗ್ಗ ಮಾಡಿಕೊಂಡು ನಾನೇ ನೇಯ್ದೆ, ಒಂಬತ್ತು ಮಿಲಿಮೀಟರ್ ಅಗಲ, ಎರಡೂ ಕಡೆ ದಡಿ ಸಮೇತ. ಅದರ ಬಕಲ್ಲು ಮಗ್ಗದ ಹಳೆಯ ಹಣಿಗೆಯ ತಂತಿ. ಚಾಲಕನ ಹಿಡಿಕೆ ಸೈಕಲ್ಲಿನ ಕಡ್ಡಿ.

ಉಳಿದದ್ದು ದಾರ. ನಮ್ಮೂರಿನಲ್ಲಿ ದಾರಕ್ಕೇನು ಬರ ಎಂದುಕೊಂಡೆ. ಆದರೆ ಹತ್ತಿಯ ಎಳೆ ಗಾಜಿಗೆ ಅಂಟಿಕೊಂಡು ಸತ್ತಂತೆ ಬೀಳುತ್ತದೆ, ಪಾಲಿಯೆಸ್ಟರ್ ಸುರುಳಿ ಸುತ್ತಿಕೊಳ್ಳುತ್ತದೆ. ಗಾಳಿಗೆ ಏಳಬೇಕೆಂದರೆ ಉಣ್ಣೆಯೇ ಬೇಕು. ಅಂಗಡಿಗೆ ಕಂಬಳಿ ಮಾರಲು ಬರುವ ಹುನ್ನೂರಿನ ಲಗಮಣ್ಣನಿಗೆ ಹೇಳಿದೆ. ಅವನು ಒಂದು ಭಾನುವಾರ ತನ್ನ ಮನೆಗೆ ಕರೆದುಕೊಂಡು ಹೋಗಿ ತಾಯಿ ಸಿದ್ದಕ್ಕನ ಮುಂದೆ ಕೂರಿಸಿದ. ಎಪ್ಪತ್ತು ದಾಟಿದ ಹೆಣ್ಣುಮಗಳು, ಒಂದು ಕಣ್ಣಿಗೆ ಪೊರೆ ಬಂದಿದೆ, ಆದರೂ ರಾಟಿ ಬಿಟ್ಟಿಲ್ಲ. ಕೈಗೆ ಒಂದು ಕರಿ ಎಳೆ ಕೊಟ್ಟಳು.

ನನಗೆ ನಗು ಬಂತು. "ಇದು ದಾರ ಅಲ್ಲಬೇ, ಹಗ್ಗ. ಎಮ್ಮಿ ಕಟ್ಟಾಕ ಬರತೈತಿ."

ಸಿದ್ದಕ್ಕ ರಾಟಿ ನಿಲ್ಲಿಸಿದಳು. "ಹಗ್ಗಾ ಅಂದೇನೋ? ನಿಮ್ಮ ಮಗ್ಗದಾಗಿನ ಸೀರಿ ಮೂರು ಸಲ ಒಗದ್ರ ಬಣ್ಣಾ ಬಿಡತಾವು. ನಾ ನೂತ ಕಂಬಳಿ ನನ್ನ ಗಂಡನ ಮೈಮ್ಯಾಲೆ ಮೂವತ್ತು ವರ್ಷ ಇತ್ತು. ಅಂವ ಹ್ವಾದ, ಕಂಬಳಿ ಇನ್ನೂ ಐತಿ!"

ಲಗಮಣ್ಣ ಮುಖ ಆ ಕಡೆ ತಿರುಗಿಸಿಕೊಂಡ. ನಾನು ತಗ್ಗಿದ ದನಿಯಲ್ಲಿ, ವಿಮಾನವೇ ಐದರಲ್ಲೊಂದು ಪಾಲು, ಸೀಟು ಐದರಲ್ಲೊಂದು ಪಾಲು, ಹಾಗಾಗಿ ದಾರವೂ ಅಷ್ಟೇ ಸಣ್ಣ ಇರಬೇಕು ಎಂದು ತಿಳಿಸಿ ಹೇಳಿದೆ.

"ಎಲ್ಲಾ ಐದರಾಗ ಒಂದು ಪಾಲು ಮಾಡಿ, ಸೊಕ್ಕು ಮಾತ್ರ ಪೂರ್ತಿ ಇಟಗೊಂಡಿ" ಅಂದಳು. "ಹೋಗು. ಆದಾಗ ಹೇಳಿ ಕಳಸ್ತೇನಿ."

ಮೂರು ವಾರ ಬಿಟ್ಟು ಹೇಳಿ ಕಳಿಸಿದಳು. ಕುರಿಮರಿಯ ಮೊದಲ ಉಣ್ಣೆಯನ್ನು ಕೈಯಿಂದಲೇ ಬಿಡಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಕೂತು ನೂತಿದ್ದಳಂತೆ. ಎಷ್ಟೋ ಸಲ ಹರಿದಿತ್ತಂತೆ. ಕಾಗದ ಬಿಚ್ಚಿದರೆ ಒಂದು ಮೊಳ ಕರಿ ಎಳೆ, ತಲೆಗೂದಲಿಗಿಂತ ಸ್ವಲ್ಪ ದಪ್ಪ, ಉಸಿರು ತಾಗಿದರೇ ಏಳುತ್ತದೆ. ಇಪ್ಪತ್ತೇಳು ವರ್ಷದ ತಪಾಸಣೆಯಲ್ಲಿ ಇಂಥ ಎಳೆ ನನ್ನ ಬೆರಳಿಗೆ ಸಿಕ್ಕಿರಲಿಲ್ಲ. ಏನು ಕೊಡಲಿ ಎಂದೆ.

"ಏನೂ ಬ್ಯಾಡ. ವಿಮಾನದ ಮ್ಯಾಲೆ ನನ್ನ ಎಳಿ ನಾ ನೋಡಬೇಕು. ಕಣ್ಣು ಪೂರಾ ಹೋಗೂಕಿಂತ ಮೊದಲ ನೋಡಬೇಕು" ಅಂದಳು.

ಜಮಖಂಡಿಯಲ್ಲಿ ಕೈಕೆಲಸದ ಮಾದರಿಗಳ ಪ್ರದರ್ಶನ ಬಂತು. ಅಲ್ಲಿಗೇ ಬಾ, ನಾಲ್ಕು ಜನರ ಮುಂದೆ ತೋರಿಸುತ್ತೇನೆ ಎಂದು ಸಿದ್ದಕ್ಕನಿಗೆ ಮಾತು ಕೊಟ್ಟೆ.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗ್ಲೈಡರನ್ನು ಹಾಸಿಗೆಯಲ್ಲಿ ಸುತ್ತಿ ಟಂಟಂ ಆಟೊದಲ್ಲಿ ತಂದೆ. ಮೇಜಿನ ಮೇಲೆ ಇಟ್ಟು, ಮೂರು ಸೆಂಟಿಮೀಟರ್ ದಾರ ಕತ್ತರಿಸಿ, ಸಾಸಿವೆ ಕಾಳಿನಷ್ಟು ಟೇಪಿನಿಂದ ಗಾಜಿನ ನಡುವೆ ಅಂಟಿಸಿದೆ. ಪಕ್ಕದ ಮೇಜಿನಲ್ಲಿ ಗಲಗಲಿಯ ಹುಲೆಪ್ಪ ಎಂಬವನು ಬೆಂಕಿಕಡ್ಡಿಯ ದೋಣಿ ಇಟ್ಟಿದ್ದ. ಅವನೂ ಬಗ್ಗಿ ನೋಡಿದ. "ಎಲ್ಲಿ ತಗೊಂಡ್ರಿ ಇದನ್ನ?"

ಬೆಂಕಿಕಡ್ಡಿಯಲ್ಲಿ ದೋಣಿ ಮಾಡಿದವನೇ ಹೀಗೆ ಕೇಳಿದರೆ ಇನ್ನು ಯಾರಿಗೆ ಹೇಳುವುದು! ನಾನು ಅವನಿಗೆ ಮೀಟರಿನಿಂದ ಹಿಡಿದು ಬಕಲ್ಲಿನವರೆಗೆ ಪಾಠ ಮಾಡುತ್ತಲೇ ರೆಕ್ಕೆ ಒರೆಸಿದೆ, ಬಾಲ ಒರೆಸಿದೆ, ಗಾಜಿನ ಮೇಲೆ ಅಂಗೈ ಆಡಿಸಿದೆ. ಅಷ್ಟರಲ್ಲಿ ತೀರ್ಪುಗಾರ ಬಂದರು.

ಬೀಳಗಿಯ ಗಿರಿಮಲ್ಲಪ್ಪ. ವಾಯುಸೇನೆಯಲ್ಲಿ ತಂತ್ರಜ್ಞರಾಗಿ ನಿವೃತ್ತರಾದವರು, ಮೀಸೆ ಇನ್ನೂ ನಿವೃತ್ತಿಯಾಗಿರಲಿಲ್ಲ. ಮೊಬೈಲಿನ ಟಾರ್ಚು ಹಚ್ಚಿ ಕಾಕ್‌ಪಿಟ್ಟಿನೊಳಗೆ ಬಹಳ ಹೊತ್ತು ನೋಡಿದರು.

"ಮೀಟರು ಕೊಂಡು ತಂದದ್ದು ಹೌದಲ್ರಿ? ಹೊರಗಿಂದ ತರಸಿದವು ಹಿಂಗ ಇರತಾವು."

ನನ್ನ ನೆತ್ತಿಗೇರಿತು. ಚೀಲದಿಂದ ಗುಳಿಗೆಯ ಡಬ್ಬಿ ತೆಗೆದು ಕೆಟ್ಟ ನಲವತ್ತೊಂದು ಮೀಟರನ್ನೂ ಅವರ ಮುಂದೆ ಸುರಿದೆ. "ಎಣಿಸ್ರಿ! ಕೊಂಡಾಂವ ಇಷ್ಟು ಕೆಡಸತಾನೇನ್ರಿ?"

ಅವರು ಒಂದನ್ನು ಎತ್ತಿ ನೋಡಿ, ಸಣ್ಣಗೆ ನಕ್ಕು, "ಎಲ್ಲಾ ನೀವ ಮಾಡೀರಿ?" ಅಂದರು.

"ಎಲ್ಲಾ ನಾನ. ಒಂದು ಎಳಿ ಸೈತ ಮಂದೀದಲ್ಲ."

ಅವರು ಹಾಳೆಯ ಮೇಲೆ ಬರೆದು ಮೇಜಿಗಿಟ್ಟರು. ಕಾಕ್‌ಪಿಟ್: ಇಪ್ಪತ್ತಕ್ಕೆ ಹದಿನಾರು. ಕೆಳಗೆ ಒಂದು ಸಾಲು: ದಾರ ಇಲ್ಲ.

ದಾರ ಇಲ್ಲವೇ? ಬಗ್ಗಿ ನೋಡಿದೆ. ಗಾಜಿನ ಮೇಲೆ ಸಾಸಿವೆಯಷ್ಟು ಟೇಪು ಹರಿದು ಅರ್ಧ ಮಾತ್ರ ಉಳಿದಿತ್ತು. ದಾರ ಇರಲಿಲ್ಲ.

ಆಮೇಲೆ ನಾನು ಆಡಿದ್ದನ್ನೆಲ್ಲ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಸ್ವಲ್ಪ ಬರೆಯುತ್ತೇನೆ. ಮೊದಲು ಹುಲೆಪ್ಪನನ್ನು ಹಿಡಿದೆ, ದೋಣಿಗೆ ಹಗ್ಗ ಬೇಕಾಗಿತ್ತೇನು ಎಂದೆ. ಅವನು ಪಾಪ, ಜೇಬು ಹೊರಗೆ ಎಳೆದು ತೋರಿಸಿದ. ಆಮೇಲೆ ವ್ಯವಸ್ಥಾಪಕರನ್ನು ಕರೆಸಿ, ಇದು ಪ್ರದರ್ಶನವೋ ಸಂತೆಯೋ ಎಂದೆ. ಕೊನೆಗೆ ಗಿರಿಮಲ್ಲಪ್ಪನವರ ಕೈಗಡಿಯಾರಕ್ಕೆ ಬೆರಳು ಮಾಡಿದೆ.

"ನಿಮ್ಮ ಗಡಿಯಾರದ ಪಟ್ಟಿಗೆ ಸಿಕ್ಕು ಹೋಗೇತಿ. ನೀವ ಕಿತ್ತು, ನೀವ ಮಾರ್ಕು ಕಡೀತೀರಿ! ಒಬ್ಬಾಕಿ ಮುದುಕಿ ಮೂರು ವಾರ ಕುಂತು ನೂತ ಎಳಿ ಅದು. ಇನ್ನೇನ್ ಬಂದಾಳು. ಆಕಿಗೆ ನಾ ಏನು ತೋರಸ್ಲಿ? ಹೇಳ್ರಿ, ಏನು ತೋರಸ್ಲಿ?"

ಗಿರಿಮಲ್ಲಪ್ಪ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟರು. ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಏನೂ ಇರಲಿಲ್ಲ. ಸುತ್ತ ಜನ ಸೇರಿದ್ದರು. ನಾನು ಇನ್ನೂ ದನಿ ಏರಿಸಿದೆ. ಅಷ್ಟು ಜನ ನೋಡುತ್ತಿದ್ದಾಗ ಇಳಿಸುವುದು ಹೇಗೆಂದು ತಿಳಿಯಲಿಲ್ಲ.

ಅದೇ ಹೊತ್ತಿಗೆ ಲಗಮಣ್ಣ ತಾಯಿಯ ಕೈ ಹಿಡಿದುಕೊಂಡು ಜನರನ್ನು ಸರಿಸುತ್ತ ಬಂದ. ಸಿದ್ದಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಗದ್ದಲ ಅವಳಿಗೆ ಬೇಕಿರಲಿಲ್ಲ. ನೇರ ಬಂದವಳೇ ಗಾಜಿಗೆ ಮುಖ ಹತ್ತಿರ ಒಯ್ದು, ಒಳ್ಳೆಯ ಕಣ್ಣಿನಿಂದ ಹುಡುಕಿದಳು, ಆಮೇಲೆ ಬೆರಳಿನಿಂದ ಮೆಲ್ಲಗೆ ಸವರಿದಳು.

"ಎಲ್ಲೈತೋ ನನ್ನ ಎಳಿ?"

"ಕಿತ್ತಾರ ಯವ್ವಾ! ಯಾರೋ ಕಿತ್ತಾರ! ಕೈ ಸೇದಿ ಹೋಗಲಿ ಅವರದು! ಇಷ್ಟು ಮಂದಿ ಅದಾರ, ಒಬ್ಬರೂ ಒಪಗೊಳ್ಳವಲ್ಲರು—"

ಸಿದ್ದಕ್ಕ ನೆಟ್ಟಗಾಗಿ ನನ್ನ ಕಡೆ ನೋಡಿದಳು. ನೋಡಿದವಳು ಹಾಗೆಯೇ ಹತ್ತಿರ ಬಂದು, ನನ್ನ ಎಡ ಹೆಗಲಿಗೆ ಕೈ ಹಾಕಿದಳು. ಸಮಾಧಾನ ಮಾಡುತ್ತಾಳೆ ಎಂದುಕೊಂಡೆ. ಎರಡು ಬೆರಳಿನಲ್ಲಿ ಏನನ್ನೋ ಬಿಡಿಸಿ ತೆಗೆದು, ಒಮ್ಮೆ ತಿಕ್ಕಿ ನೋಡಿ, ನನ್ನ ಮುಖದ ಮುಂದೆ ಹಿಡಿದಳು. ಮೂರು ಸೆಂಟಿಮೀಟರ್. ಕರಿ ಉಣ್ಣೆ. ತುದಿಯಲ್ಲಿ ಟೇಪಿನ ಚೂರು ಹೊಳೆಯುತ್ತಿತ್ತು.

ಗಾಜಿನ ಮೇಲೆ ಅಂಗೈ ಆಡಿಸಿದ್ದು ನನಗೆ ಆಗ ನೆನಪಾಯಿತು. ಬೆರಳಿಗೆ ಎಳೆ ಸಿಕ್ಕಿತ್ತು, ಚಿವುಟಿದ್ದೆ, ಹೆಗಲಿಗೆ ಒರೆಸಿಕೊಂಡಿದ್ದೆ. ಇಪ್ಪತ್ತೇಳು ವರ್ಷ ಮಾಡಿದ್ದನ್ನೇ ಮಾಡಿದೆ. ನಾನು ಹುಲೆಪ್ಪನ ಜೇಬು ನೋಡಿದೆ, ಗಿರಿಮಲ್ಲಪ್ಪನವರ ಗಡಿಯಾರ ನೋಡಿದೆ, ಅಷ್ಟು ಹೊತ್ತೂ ಅದು ನನ್ನ ಬಿಳಿ ಅಂಗಿಯ ಮೇಲೆ ಎಲ್ಲರಿಗೂ ಕಾಣುವಂತೆ ಕೂತಿತ್ತು.

"ಮೊದಲ ಹಗ್ಗ ಅಂದಿ" ಅಂದಳು ಸಿದ್ದಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. "ಈಗ ಕಸಾ ಅಂದಿ."

ಅವಳೇ ದಾರವನ್ನು ಗಾಜಿನ ಮೇಲೆ ಇಟ್ಟಳು, ನಾನು ಹೊಸ ಟೇಪು ಹಚ್ಚಿದೆ. ಅವಳು ಬಗ್ಗಿ ಮುಂದಿನಿಂದ ಊದಿದಳು. ದಾರ ಎದ್ದು, ಒಂದು ಕ್ಷಣ ಆಕಡೆ ಈಕಡೆ ಆಡಿ, ನೇರ ನಿಂತಿತು. ಅವಳು ಮತ್ತೊಮ್ಮೆ ಊದಿದಳು. ಗಿರಿಮಲ್ಲಪ್ಪ ಗಡಿಯಾರ ಕಟ್ಟಿಕೊಂಡು, ಹಾಳೆಗೆ ಕೈ ಹಾಕಿ, ಹದಿನಾರನ್ನು ತಿದ್ದಲು ಪೆನ್ನು ತೆಗೆದರು.

"ಬ್ಯಾಡ್ರಿ" ಎಂದು ನಾನು ಮತ್ತೆ ಚೀರಿದೆ. ನನ್ನ ಮೇಲೇ ಅಷ್ಟು ಸಿಟ್ಟು ಬಂದಿತ್ತು. "ಹದಿನಾರೂ ಹೆಚ್ಚಾತು. ಎಲ್ಲಾ ನಾನ ಮಾಡೀನಿ ಅಂತ ಸುಳ್ಳು ಹೇಳೇನಿ. ನಿಮಗ ಕಳ್ಳ ಅಂದೇನಿ. ತಪ್ಪಾತ್ರಿ."

"ತಪ್ಪಾತ್ರೀ ಅನ್ನೂದನ್ನಾರ ಸಾವಕಾಶ ಅನ್ರಿ" ಅಂದರು ಗಿರಿಮಲ್ಲಪ್ಪ. ಪೆನ್ನನ್ನು ನನ್ನ ಕೈಗೆ ಕೊಟ್ಟು, ಗ್ಲೈಡರಿನ ಮುಂದಿದ್ದ ಹೆಸರಿನ ಕಾರ್ಡನ್ನು ತೋರಿಸಿದರು. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಹೆಸರಿತ್ತು, ನನ್ನದು. ಅಡಿಯಲ್ಲಿ ಉಳಿದಿದ್ದ ಚೂರು ಜಾಗದಲ್ಲಿ ಸಣ್ಣಗೆ ಬರೆದೆ: ದಾರ ನೂತವರು, ಸಿದ್ದಕ್ಕ, ಹುನ್ನೂರ.

"ಏನ್ ಬರದ್ಯೋ?" ಅಂದಳು ಸಿದ್ದಕ್ಕ. ಓದಿ ಹೇಳಿದೆ. ಅವಳು ಕಾರ್ಡಿಗೆ ಕಣ್ಣು ಹತ್ತಿರ ಒಯ್ದು, ಮೇಲಿನ ಸಾಲಿನ ಮೇಲೆ ಬೆರಳಿಟ್ಟಳು, ಆಮೇಲೆ ಕೆಳಗಿನ ಸಾಲಿನ ಮೇಲೆ ಇಟ್ಟಳು.

"ಇದನ್ನೂ ಐದರಾಗ ಒಂದು ಪಾಲು ಬರದೀಯೇನು?"

ಕಾರ್ಡನ್ನು ಹರಿದೆ. ವ್ಯವಸ್ಥಾಪಕರ ಹತ್ತಿರ ಇನ್ನೊಂದು ಕಾರ್ಡು ಇಸಿದುಕೊಂಡು, ಅವಳ ಹೆಸರನ್ನು ಮೊದಲು ಬರೆದೆ.