ಕಮಾನಪ್ಪನ ಮೆಟ್ಟಿಲು

“ಎಡಕ್ಕೆ... ಎಡಕ್ಕೆ ತಗೊಳ್ಳಿ! ಅಯ್ಯೋ, ನಿಮ್ಮ ಎಡಕ್ಕಲ್ಲ ಪುಣ್ಯಾತ್ಮರೇ, ನನ್ನ ಎಡಕ್ಕೆ!”

ಕೆಳಗೆ ಕಾಲಿನ ಕಡೆ ಹಿಡಿದಿದ್ದ ಮನೆಯೊಡತಿಯ ತಮ್ಮ ಕೂಗಿದ. ಮೇಲೆ ತಲೆಯ ಕಡೆ ಹಿಡಿದಿದ್ದ ಇಬ್ಬರು ತಮಗೆ ತೋಚಿದ ಎಡಕ್ಕೆ ಎಳೆದರು. ಶವಪೆಟ್ಟಿಗೆ ಗೋಡೆಗೆ ಕರಕರ ಉಜ್ಜಿಕೊಂಡು ಹೋಗಿ, ಮೆಟ್ಟಿಲು ತಿರುಗುವಲ್ಲಿ ಗೋಡೆಗೂ ಹಿಡಿದು ಹತ್ತುವ ಮರದ ಕಟಾಂಜನಕ್ಕೂ ನಡುವೆ ಕಚ್ಚಿಕೊಂಡು ನಿಂತಿತು. ಹಿಂದಕ್ಕೆ ಎಳೆದರೆ ಬರಲಿಲ್ಲ, ಮುಂದಕ್ಕೆ ನೂಕಿದರೆ ಹೋಗಲಿಲ್ಲ. ಒಳಗಿರುವವರು ಬದುಕಿದ್ದಾಗಲೂ ಹೀಗೇ ಇದ್ದರು ಎಂದು ಮೇಲುಗಡೆ ಮಗಳ ಭುಜ ಹಿಡಿದು ನಿಂತಿದ್ದ ಹೆಂಡತಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಬೆಳಿಗ್ಗೆ ಬಡಗಿಯ ಆಳುಗಳು ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಬ್ಬಿಕೊಂಡು ಮೇಲೆ ತಂದಿದ್ದರು. ಆಗ ಸಲೀಸಾಗಿ ಬಂದಿತ್ತು. ತುಂಬಿದ ಮೇಲೆ ಅದನ್ನು ನೆಟ್ಟಗೆ ನಿಲ್ಲಿಸಲಾಗದು ಎಂಬುದು ಮನೆ ತುಂಬ ಸೇರಿದ್ದ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಷ್ಟೂ ಜನ ಹಳೆ ಕಟ್ಟಡ ಉಳಿಸುವ ಸಮಿತಿಯವರು. ಈ ಮೆಟ್ಟಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು, ಭಾಷಣ ಮಾಡಿದವರು. ಅದರ ಅಗಲ ಎಷ್ಟು ಎಂದು ಮಾತ್ರ ಯಾರೂ ನೋಡಿರಲಿಲ್ಲ.

“ಮುಚ್ಚಳ ಬಿಚ್ಚಿ, ಭಾವನ್ನ ದುಪ್ಪಟಿಯಲ್ಲಿ ಸುತ್ತಿ ಇಳಿಸಿಬಿಡೋಣ ಕಣಕ್ಕ,” ತಮ್ಮ ಕೆಳಗಿನಿಂದಲೇ ಹೇಳಿದ.

“ಮೂಟೆ ಥರಾನಾ? ಬೀದಿ ಜನ ಎಲ್ಲಾ ನೋಡ್ತಾ ನಿಂತಿರೋವಾಗ?”

“ಮತ್ತೆ ಏನ್ಮಾಡೋಣ ಹೇಳು.”

“ನೆಟ್ಟಗೆ ಮಲಗ್ಕೊಂಡು ಹೋಗ್ಲಿ ಅವ್ರು. ಇದೊಂದಾದ್ರೂ ಸರಿಯಾಗಿ ಆಗ್ಲಿ,” ಎಂದಳು ಅವಳು. ಅಳು ಬಂತೆಂದು ಮಗಳು ಬೆನ್ನು ಸವರಿದಳು. ಬಂದದ್ದು ಅಳುವಲ್ಲ, ಕೋಪ.

*

ಅವಳ ಗಂಡನದು ಕನ್ನಡಕದಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬೇರೆ ಕನ್ನಡಕದಂಗಡಿಗಳಲ್ಲಿ ಗೋಡೆಗೆ ಅಕ್ಷರಗಳ ಹಲಗೆ ತೂಗುಹಾಕಿರುತ್ತಾರೆ. ಇವರ ಅಂಗಡಿಯಲ್ಲಿ ಅದಿರಲಿಲ್ಲ. ಹೊಸ ಗಾಜು ಹಾಕಿ, ಗಿರಾಕಿಯನ್ನು ಬಾಗಿಲಿಗೆ ಕರೆದುಕೊಂಡು ಹೋಗಿ, ಎದುರಿನ ಹಳೆ ಮಾರುಕಟ್ಟೆಯ ಕಡೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದರು.

“ದೊಡ್ಡ ಕಮಾನು ಕಾಣ್ತಾ?”

“ಕಾಣ್ತು.”

“ಅದರ ಮೇಲೆ ಬಳ್ಳಿ?”

“ಅದೂ ಕಾಣ್ತು.”

“ಬಳ್ಳಿ ತುದೀಲಿ ಹಕ್ಕಿ ಇದೆಯಲ್ಲ, ಅದರ ಕೊಕ್ಕಲ್ಲಿ ಏನಿದೆ ಹೇಳಿ.”

ಕಾಳಿದೆ ಎಂದವರ ಕನ್ನಡಕ ಸರಿಯಾಗಿದೆ ಎಂದರ್ಥ. ಹಕ್ಕಿಯೇ ಕಾಣದವರಿಗೆ ಮತ್ತೊಂದು ಗಾಜು. ಊರಿನ ಅರ್ಧಕ್ಕರ್ಧ ಜನ ಆ ಕಮಾನನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಹೀಗೆ. ತರಕಾರಿ ಕೊಳ್ಳಲು ದಿನಾ ಅದರ ಕೆಳಗೇ ನುಸುಳಿ ಹೋಗುತ್ತಿದ್ದವರು, ಕನ್ನಡಕ ಹಾಕಿಸಿಕೊಂಡ ಮೇಲೆ ಒಂದು ಕ್ಷಣ ನಿಂತು ತಲೆ ಎತ್ತತೊಡಗಿದರು. ಜನ ಅವರಿಗೆ ಕಮಾನಪ್ಪ ಎಂದು ಹೆಸರಿಟ್ಟರು. ಅದನ್ನು ಅವರು ಬಿರುದಿನ ಹಾಗೆ ಹೊತ್ತು ತಿರುಗಿದರು.

ಅವಳೂ ಹಾಗೇ ಅಪ್ಪನ ಜೊತೆ ಬಂದವಳು. ಬಾಗಿಲಲ್ಲಿ ನಿಂತು, ಕಣ್ಣು ಕಿರಿದು ಮಾಡದೆ ನೋಡಿ, “ಹಕ್ಕಿ ಕಾಣ್ತಿದೆ. ಕಾಳೂ ಇಲ್ಲ, ಕೊಕ್ಕೂ ಇಲ್ಲ,” ಎಂದಿದ್ದಳು.

“ಇನ್ನೊಂದ್ಸಲ ನೋಡಿ.”

“ನೀವೇ ನೋಡಿ. ಮುರಿದು ಬಿದ್ದಿದೆ.”

ಅವರು ತಮ್ಮ ಕನ್ನಡಕ ಒರೆಸಿಕೊಂಡು ಬೀದಿ ದಾಟಿ ಹೋಗಿ, ಕಮಾನಿನ ಕೆಳಗೆ ಕತ್ತು ಹೊರಳಿಸಿ ನಿಂತರು. ಕೊಕ್ಕು ಯಾವಾಗಲೋ ಉದುರಿಹೋಗಿತ್ತು. ಕಾಳಿದೆ ಎಂದು ಎಷ್ಟು ಜನ ಅವರ ದಾಕ್ಷಿಣ್ಯಕ್ಕೆ ಹೇಳಿದ್ದರೋ, ಅವರಾದರೂ ಎಷ್ಟು ವರ್ಷ ನೋಡದೆಯೇ ಕೇಳುತ್ತಿದ್ದರೋ! ವಾಪಸು ಬಂದಾಗ ಮುಖ ಬಿಳಿಚಿಕೊಂಡಿತ್ತು. ಮರುದಿನವೇ ನಗರಸಭೆಗೆ ಹೋಗಿ ಜಗಳ ತೆಗೆದರು. ಮರುವಾರ ಅವಳ ಅಪ್ಪನ ಹತ್ತಿರ ಬಂದು ಮದುವೆಯ ಮಾತೆತ್ತಿದರು. ಎರಡೂ ಹುಚ್ಚು ಒಟ್ಟಿಗೆ ಹತ್ತಿದ್ದು. ಅವತ್ತು ಸುಮ್ಮನೆ ಕಾಳಿದೆ ಎಂದಿದ್ದರೆ ಬದುಕು ಬೇರೆ ಥರ ಇರುತ್ತಿತ್ತೇನೋ ಎಂದು ಅವಳು ಆಮೇಲೆ ಎಷ್ಟೋ ಸಲ ಅಂದುಕೊಂಡದ್ದುಂಟು.

*

ಕೆಳಗೆ ಗುಜುಗುಜು ಜೋರಾಯಿತು. ಪೆಟ್ಟಿಗೆ ಮಾಡಿದ ಬಡಗಿ, ಅದರ ಕಾಲಿನ ಕಡೆಯನ್ನು ಭುಜಕ್ಕೆ ಕೊಟ್ಟು ನಿಂತಿದ್ದವನು, ಕಟಾಂಜನವನ್ನು ಬೆರಳಿನಿಂದ ತಟ್ಟಿ ನೋಡಿದ.

“ಇಲ್ಲಿಂದ ಇಲ್ಲಿವರೆಗೆ ಕೊಯ್ದರೆ ಆಯ್ತು. ಅದನ್ನು ಹೊತ್ತ ನಾಲ್ಕು ಗೂಟ ಕಿತ್ತರೆ ಹಾಯಾಗಿ ತಿರುಗುತ್ತೆ.”

“ಏನಂದೆ?” ಅಂಗಡಿಯ ಬಾಗಿಲಿನಿಂದ ಮೇಷ್ಟ್ರು ನುಗ್ಗಿ ಬಂದರು. ಇತಿಹಾಸ ಪಾಠ ಮಾಡಿ ನಿವೃತ್ತರಾದವರು, ಸಮಿತಿಯ ಕಾರ್ಯದರ್ಶಿ. ಬೆಳಿಗ್ಗೆಯಿಂದ ಎಲ್ಲರಿಗಿಂತ ಜಾಸ್ತಿ ಅತ್ತವರೂ ಅವರೇ. “ಕೊಯ್ಯೋದಾ? ಇದು ಸಂರಕ್ಷಿತ ಮರಗೆಲಸ ಕಣಯ್ಯ! ಒಂದು ಮೊಳೆ ಹೊಡೀಬೇಕಾದ್ರೂ ಸಮಿತಿ ಒಪ್ಪಿಗೆ ಬೇಕು.”

“ಹಂಗಾದ್ರೆ ಒಪ್ಪಿಗೆ ಕೊಡಿ,” ಎಂದ ತಮ್ಮ.

“ನಾನು ಕೊಡೋಕಾಗಲ್ಲ. ಅಧ್ಯಕ್ಷರೇ ಕೊಡ್ಬೇಕು.”

“ಅಧ್ಯಕ್ಷರು ಯಾರು?”

ಎಲ್ಲರ ಕಣ್ಣೂ ಪೆಟ್ಟಿಗೆಯ ಕಡೆ ಹೊರಳಿತು. ತಲೆಯ ಕಡೆ ಹಿಡಿದಿದ್ದ ಒಬ್ಬ ಕಿಸಕ್ಕೆಂದು ನಕ್ಕು, ಕೆಮ್ಮಿದ ಹಾಗೆ ನಟಿಸಿದ.

“ಕೇಳಿ ಮೇಷ್ಟ್ರೇ,” ಅವಳು ಮೇಲಿನಿಂದ ಅಂದಳು. “ಅಲ್ಲೇ ಇದ್ದಾರೆ, ಕೇಳಿ.”

“ಅಮ್ಮಾವ್ರೇ, ಕೋಪ ಮಾಡ್ಕೋಬೇಡಿ. ಅವ್ರು ಇದ್ದಿದ್ರೆ ಏನು ಹೇಳ್ತಿದ್ರು ಅಂತ ನಿಮಗೆ ಗೊತ್ತಿಲ್ವಾ? ಈ ಕಟಾಂಜನಕ್ಕೆ ನೂರು ವರ್ಷದ ಮೇಲಾಗಿದೆ. ಇಂಥ ಮರ ಈಗ ಸಿಗಲ್ಲ, ಕಡೆಯೋ ಕೈನೂ ಇಲ್ಲ. ಪೆಟ್ಟಿಗೆ ಆದ್ರೆ...” ಮೇಷ್ಟ್ರು ಉಗುಳು ನುಂಗಿದರು. “ಪೆಟ್ಟಿಗೆ ನಿನ್ನೆ ಮಾಡಿದ್ದು. ಅದರ ಮೂಲೆ ಒಂದು ಚೂರು ಕೊಯ್ದು, ಕೆಳಗೆ ಹೋದ್ಮೇಲೆ ಹಲಗೆ ಹೊಡೆದ್ರೆ ಗೊತ್ತೂ ಆಗಲ್ಲ.”

ಆ ಮಾತಿಗಿಂತ ಅವಳ ಹೊಟ್ಟೆ ಉರಿಸಿದ್ದು ಇದು: ಸಮಿತಿಯವರಲ್ಲಿ ಇಬ್ಬರು ಮೂವರು ಹೌದಲ್ಲ ಎನ್ನುವ ಹಾಗೆ ತಲೆಯಾಡಿಸುತ್ತಿದ್ದರು.

ಮೇಷ್ಟ್ರು ಹೇಳಿದ್ದು ಸುಳ್ಳೂ ಅಲ್ಲ. ಕಮಾನಪ್ಪ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು. ತಮ್ಮ ಪೆಟ್ಟಿಗೆಯನ್ನು ತಾವೇ ಕೊಯ್ಯಿಸುತ್ತಿದ್ದರು, ಕೊಯ್ಯುವವನಿಗೆ ಟೀ ತರಿಸಿಕೊಡುತ್ತಿದ್ದರು. ಅದು ಗೊತ್ತಿದ್ದದ್ದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

*

ಮಾರುಕಟ್ಟೆ ಉಳಿಯಲಿಲ್ಲ. ಮೆರವಣಿಗೆ ಮಾಡಿದರು, ಕಮಾನಿನ ಕೆಳಗೆ ಕೂತು ಉಪವಾಸ ಮಾಡಿದರು, ಅಧಿಕಾರಿಗಳ ಮನೆ ಬಾಗಿಲು ಕಾದರು. ಕೊನೆಗೊಂದು ಭಾನುವಾರ ಯಂತ್ರಗಳು ಬಂದು, ಸಂಜೆಯೊಳಗೆ ಹಕ್ಕಿ, ಬಳ್ಳಿ, ಕಮಾನು ಎಲ್ಲ ಧೂಳಾಯಿತು. ಆ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದಲ್ಲಿ ಇವರ ಅಂಗಡಿಯದೇ ಪ್ರತಿಬಿಂಬ ಕಾಣುತ್ತಿತ್ತು, ಅದೂ ಸೊಟ್ಟಗೆ. ಕಮಾನಪ್ಪ ಪೇಟೆಗೆ ಹೋಗಿ ಅಕ್ಷರಗಳ ಹಲಗೆ ಕೊಂಡುತಂದು ಅಂಗಡಿಯಲ್ಲಿ ನೇತುಹಾಕಿದರು. ಅವತ್ತು ಊಟ ಮಾಡಲಿಲ್ಲ.

ಆಮೇಲೆ ಉಳಿದದ್ದು ಬೀದಿಯ ಈ ಬದಿಯ ಸಾಲುಮನೆಗಳು. ಅಲ್ಲಿ ಸೋತ ಹಟವನ್ನೆಲ್ಲ ತಂದು ಇಲ್ಲಿ ಸುರಿದರು. ಇಡೀ ಸಾಲನ್ನು ಸಂರಕ್ಷಿತ ಎಂದು ಸಾರಿಸಿ, ಹಿತ್ತಾಳೆಯ ಫಲಕ ಹಾಕಿಸಿದರು. ಮೊದಲ ಫಲಕ ತಮ್ಮ ಮನೆಗೇ. ಅವಳ ಮಂಡಿ ನೋಯತೊಡಗಿದ್ದೂ ಆ ಹೊತ್ತಿಗೇ.

ಮೆಟ್ಟಿಲು ತೀರ ಕಡಿದು. ಅಗಲದ, ತಗ್ಗಿನ ಮೆಟ್ಟಿಲು ಮಾಡಿಸೋಣವೆಂದು ಅವಳು ಇದೇ ಬಡಗಿಯನ್ನು ಕರೆಸಿದ್ದಳು. ಅವರು ಬಡಗಿಗೆ ಟೀ ಕುಡಿಸಿ, ಕಟಾಂಜನದ ಚಂದ ವರ್ಣಿಸಿ, ವಾಪಸು ಕಳಿಸಿದರು.

“ಊರಿಗೆಲ್ಲಾ ಮುಟ್ಟಬೇಡಿ ಅಂದು ನಾನೇ ಕೀಳಿಸಿದ್ರೆ ಜನ ನಗಲ್ವೇನೇ?”

“ನಾನು ಉರುಳಿ ಬಿದ್ರೆ ಜನ ಏನ್ಮಾಡ್ತಾರಂತೆ?”

“ಬೀಳೋಕೆ ಯಾಕೆ ಬಿಡ್ತೀನಿ? ನಾನಿದ್ದೀನಲ್ಲ. ಕೈ ಹಿಡಿದು ಹತ್ತಿಸ್ತೀನಿ.”

ಹತ್ತಿಸಿದರು. ಆ ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆ ಇಳಿಸುವುದು, ಮಧ್ಯಾಹ್ನ ಹತ್ತಿಸುವುದು, ಗಿರಾಕಿ ಕಾಯುತ್ತಿದ್ದರೂ ಅಂಗಡಿ ಬಿಟ್ಟು ಬರುವುದು. ಅವಳಿಗೆ ಒಂದು ಕೈ, ಕಟಾಂಜನಕ್ಕೆ ಒಂದು ಕೈ. ಆ ಎರಡನೆಯ ಕೈ ಅದನ್ನು ಸವರುತ್ತ ಬರುವುದನ್ನು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಭಾನುವಾರ ಬಂದರೆ ಎಣ್ಣೆ ಹಚ್ಚಿ ತಿಕ್ಕುವುದು ಬೇರೆ. ಸವತಿ ಎಂದರೆ ಹೀಗೇ ಇರಬೇಕು ಎಂದು ಅವಳು ಪಕ್ಕದ ಮನೆಯವಳ ಹತ್ತಿರ ನಗಾಡಿದ್ದಳು. ನಗುವಿನ ಕೆಳಗೆ ನಿಜವೂ ಇತ್ತು.

*

“ಕೊಯ್ಯಪ್ಪ,” ಎಂದಳು.

ಬಡಗಿ ಮೇಷ್ಟ್ರ ಮುಖ ನೋಡಿದ.

“ಅವ್ರನ್ನೇನು ನೋಡ್ತೀಯ? ಮನೆ ನಂದು. ಮಂಡಿ ನಂದು. ಒಳಗೆ ಮಲಗಿರೋರೂ ನನ್ನೋರೇ. ಕೊಯ್ಯಿ.”

“ಅಮ್ಮಾವ್ರೇ, ಅವರ ಜೀವಮಾನದ ಕೆಲಸ ಇದು!”

“ನಂದೂ ಅಷ್ಟೇ ಮೇಷ್ಟ್ರೇ,” ಎಂದಳು ಅವಳು. ದನಿ ಒಡೆಯಿತು. “ನನ್ನ ಜೀವಮಾನಾನೂ ಇದೇ ಮೆಟ್ಟಿಲ ಮೇಲೆ ಕಳೀತು. ಅದಕ್ಕೆ ಯಾರಾದ್ರೂ ಒಂದು ಫಲಕ ಹಾಕಿಸಿದ್ರಾ?”

ಮಗಳು “ಅಮ್ಮಾ” ಎಂದಳು. ತಮ್ಮ ತನ್ನ ಭುಜವನ್ನು ಬಡಗಿಯ ಜಾಗಕ್ಕೆ ಕೊಟ್ಟ. ಬಡಗಿ ಹೋಗಿ ಗಾಡಿಯಿಂದ ಗರಗಸ ತಂದ.

ಹಳೆ ಮರ ಸುಲಭಕ್ಕೆ ಸೋಲಲಿಲ್ಲ. ಬಡಗಿಯ ಬೆವರು ಪೆಟ್ಟಿಗೆಯ ಮೇಲೆ ತೊಟ್ಟಿಕ್ಕಿತು. ಗರಗಸ ಎಳೆದಾಗಲೆಲ್ಲ ಮೇಷ್ಟ್ರು ತಮ್ಮ ಹಲ್ಲನ್ನೇ ಕೊಯ್ದ ಹಾಗೆ ಮುಖ ಕಿವುಚುತ್ತಿದ್ದರು. ಕೊನೆಗೆ ಕಟಾಂಜನದ ತುಂಡು ಕಳಚಿತು, ಕಡೆದ ಗೂಟಗಳು ಒಂದೊಂದಾಗಿ ಕಿತ್ತು ಬಂದವು. ಮೇಷ್ಟ್ರು ಅವನ್ನು ಕೈ ಚಾಚಿ ತೆಗೆದುಕೊಂಡರು. ಪೆಟ್ಟಿಗೆ ತಿರುಗಿತು. ಕಮಾನಪ್ಪ ನೆಟ್ಟಗೆ ಮಲಗಿಕೊಂಡೇ ಇಳಿದು, ತಮ್ಮ ಅಂಗಡಿ ದಾಟಿ, ಬೀದಿಗೆ ಹೋದರು. ಬೀದಿಯಲ್ಲಿ ನಿಂತಿದ್ದವರಲ್ಲಿ ಮುಕ್ಕಾಲುಪಾಲು ಜನ ಅವರು ಕೊಟ್ಟ ಕನ್ನಡಕ ಹಾಕಿದ್ದರು.

ಗೆದ್ದೆನೆಂದು ಅವಳಿಗೆ ಅನ್ನಿಸಲಿಲ್ಲ. ಜಗಳಕ್ಕೆ ಎದುರು ನಿಲ್ಲುವವರೇ ಹೊರಟುಹೋದ ಮೇಲೆ ಗೆಲ್ಲುವುದೇನು?

*

ಸ್ಮಶಾನದಿಂದ ಬಂದಾಗ ಇಳಿಹೊತ್ತು. ಅಂಗಡಿಯ ನೆಲದಲ್ಲಿ ಹಳೆ ಪೇಪರು ಹಾಸಿ, ಗೂಟಗಳನ್ನು ಸಾಲಾಗಿ ಮಲಗಿಸಿ, ಮೇಷ್ಟ್ರು ಸೀಮೆಸುಣ್ಣದಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತಿದ್ದರು. ಅವಳನ್ನು ಕಂಡು ಎದ್ದು ನಿಂತರು.

“ತಿಂಗಳೊಳಗೆ ಮೊದಲಿನ ಥರಾನೇ ಕೂರಿಸಿಕೊಡ್ತೀವಿ, ಅಮ್ಮಾವ್ರೇ. ಗೊತ್ತೇ ಆಗಲ್ಲ, ಹಂಗೆ.”

ಹೊರಗೆ ಮಗಳು ಯಾರನ್ನೋ ಬೀಳ್ಕೊಡುತ್ತಿದ್ದಳು. ಮಗಳನ್ನು ಕರೆಯಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಮೆಟ್ಟಿಲ ಬುಡಕ್ಕೆ ಹೋಗಿ ನಿಂತಳು. ಅಭ್ಯಾಸಬಲದಿಂದ ಒಂದು ಕೈ ಪಕ್ಕಕ್ಕೆ ಚಾಚಿತು. ಅಲ್ಲಿ ಯಾರೂ ಇರಲಿಲ್ಲ. ತಿರುವಿನಲ್ಲಿ ಕಟಾಂಜನ ಇದ್ದ ಕಡೆ ಬರೀ ಗಾಳಿ.

ಹಿಂದಿರುಗಿ ಬಂದು, ಬಗ್ಗಿ, ಪೇಪರಿನ ಮೇಲಿನ ಸಾಲಿನಿಂದ ಒಂದು ಗೂಟ ಎತ್ತಿಕೊಂಡಳು.

“ಅದು ಮೂರನೇದು, ಅಮ್ಮಾವ್ರೇ. ಕ್ರಮ ತಪ್ಪುತ್ತೆ.”

“ತಪ್ಪಲಿ.”

ದುಂಡಗೆ ಕಡೆದ ಅದರ ತಲೆ, ವರ್ಷಗಟ್ಟಲೆ ಎಣ್ಣೆ ಕುಡಿದು ನುಣುಪಾದದ್ದು, ಅವಳ ಅಂಗೈಗೆ ಸರಿಯಾಗಿ ಕೂತಿತು. ಮೊದಲ ಮೆಟ್ಟಿಲಿಗೆ ಊರಿದಳು, ಒಂದು ಕಾಲು ಎತ್ತಿಟ್ಟಳು. ಮತ್ತೆ ಊರಿದಳು.

“ಅಮ್ಮಾವ್ರೇ, ಬುಡದಲ್ಲಿ ಮೊಳೆ ಇದೆ... ಮೆಟ್ಟಿಲು...”

ಅವಳು ತಿರುಗಿ ನೋಡಲಿಲ್ಲ. ಗೋಡೆಗೆ ಭುಜ ಒತ್ತಿಕೊಂಡು ನಿಧಾನಕ್ಕೆ ಹತ್ತಿದಳು. ಹಿಂದೆ, ಮಿರುಗುವ ಹಳೆ ಮರದ ಮೇಲೆ, ಮೆಟ್ಟಿಲಿಗೊಂದರಂತೆ ಬಿಳಿಯ ಗೀರು ಬೀಳುತ್ತ ಹೋಯಿತು.