ಮೂವತ್ತೆಂಟನೆಯ ಆಕೃತಿ

ನಲವತ್ತೊಂದನೆಯ ನಿಮಿಷದ ಹದಿನೇಳನೆಯ ಸೆಕೆಂಡಿನಲ್ಲಿ ಭೀಮಾಶಂಕರ ಗುಂಡಿಯೊತ್ತಿ ಆ ಸುಖೀ ಕುಟುಂಬವನ್ನು ನಿಲ್ಲಿಸಿದ. ತಾಯಿಯ ನಗು ಅರ್ಧಕ್ಕೆ ನಿಂತಿತು. ಮಗಳ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಊಟದ ಮೇಜಿನ ಹಿಂದೆ ಕಿಟಕಿ, ಕಿಟಕಿಗೆ ಪರದೆ, ಪರದೆಯ ಕೆಳಗೆ ಏನೋ ಕಪ್ಪಗೆ. ಕಾಲೋ, ನೆರಳೋ?

ಅವನು ಕುರ್ಚಿಯನ್ನು ಟೀವಿಗೆ ಇನ್ನೊಂದು ಮೊಳ ಹತ್ತಿರ ಎಳೆದುಕೊಂಡ.

"ರೀ," ಎಂದಳು ಹಿಂದಿನಿಂದ ಹೆಂಡತಿ ಅನುರಾಧಾ. "ನಾಳಿ ಹನ್ನೊಂದಕ್ಕ ಬರದು ಕೊಡಬೇಕು. ಹೋಗ್ತೀನಿ ಅಂತರೆ, ಒಲ್ಲೆ ಅಂತರೆ."

"ನೋಡೂಣು."

"ಮೂರು ವಾರ ಆತು ನೀವು ನೋಡಾಕತ್ತು."

"ಇವತ್ತು ಐತವಾರ ಅಲ್ಲಾ?"

"ಹೌದ್ರಿ. ಐತವಾರನ." ಅವಳ ಹೆಜ್ಜೆ ಅಡುಗೆಮನೆಯ ಕಡೆ ಹೋಯಿತು.

ಸುರಪುರದ ತಾಲೂಕು ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಗುಮಾಸ್ತೆಯಾಗಿದ್ದ ಅನುರಾಧಾಳಿಗೆ ಬಡ್ತಿ ಬಂದಿತ್ತು. ಕೆಲಸ ಯಾದಗಿರಿಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿಬರುವುದು ಕಷ್ಟ, ಮನೆ ಮಾಡಬೇಕು. ಸುರಪುರದ ಕಾಲೇಜಿನಲ್ಲಿ ಗಣಿತ ಕಲಿಸುವ ಭೀಮಾಶಂಕರನೂ ವರ್ಗಾವಣೆ ಕೇಳಬಹುದಿತ್ತು. ಕೇಳುವೆನೆಂದು ಅವನು ಹೇಳಿರಲಿಲ್ಲ, ಕೇಳುವುದಿಲ್ಲವೆಂದೂ ಹೇಳಿರಲಿಲ್ಲ. ಇಂದು ಸಂಜೆಯೊಳಗೆ ಈ ಮನೆ ಒಂದಾಗಿ ಉಳಿಯುವುದೋ ಎರಡಾಗುವುದೋ ತೀರ್ಮಾನವಾಗಬೇಕಿತ್ತು. ಅದಕ್ಕೂ ಮೊದಲು ಪರದೆಯ ಕೆಳಗಿನ ಕಪ್ಪು ತೀರ್ಮಾನವಾಗಬೇಕಿತ್ತು.

ಧಾರಾವಾಹಿ ಹತ್ತು ಕಂತುಗಳದ್ದು. ಹಳೆಯ ಮನೆಯೊಂದಕ್ಕೆ ತಂದೆ, ತಾಯಿ, ಮಗ, ಮಗಳು ವಾಸಕ್ಕೆ ಬರುತ್ತಾರೆ. ಆ ಮನೆಯ ಸತ್ತವರು ಕಿರುಚುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಸುಮ್ಮನೆ ನಿಂತಿರುತ್ತಾರೆ: ಮೆಟ್ಟಿಲಿನ ಕೆಳಗೆ, ಕನ್ನಡಿಯ ಮೂಲೆಯಲ್ಲಿ, ಅರೆ ತೆರೆದ ಕದದ ಹಿಂದೆ. ಮುಂದೆ ಕುಟುಂಬ ಉಪ್ಪಿನಕಾಯಿಯ ಮಾತಾಡುತ್ತಿರುತ್ತದೆ. ಕಥೆಯೊಳಗಿನ ಯಾರಿಗೂ ಅವರು ಕಾಣುವುದಿಲ್ಲ. ಚಿತ್ರವನ್ನು ನಿಲ್ಲಿಸಿ ಹುಡುಕದ ಹೊರತು ನೋಡುವವನಿಗೂ ಕಾಣುವುದಿಲ್ಲ.

ಭೀಮಾಶಂಕರ ಮೂರು ಸಲ ನೋಡಿದ್ದ. ಗ್ರಾಫ್ ಪುಸ್ತಕದಲ್ಲಿ ಕಂತು, ನಿಮಿಷ, ಸೆಕೆಂಡು, ಸ್ಥಾನ ಎಂದು ನಾಲ್ಕು ಅಂಕಣ ಎಳೆದು ಬರೆದಿದ್ದ. ಒಟ್ಟು ಮೂವತ್ತೇಳು ಆಕೃತಿಗಳು.

ಕೊನೆಯ ದೃಶ್ಯದಲ್ಲಿ ನಾಲ್ವರೂ ಹೊಸ ಮನೆಯೊಂದರಲ್ಲಿ ನಗುತ್ತ ಊಟ ಮಾಡುತ್ತಾರೆ. ಅವರು ಆ ಮನೆಯಿಂದ ಪಾರಾದರೇ? ಅಥವಾ ಆ ಮನೆಯೇ ಅವರನ್ನು ನುಂಗಿ, ನುಂಗಿದ್ದು ತಿಳಿಯದಿರಲೆಂದು ಈ ನಗುವನ್ನು ಕೊಟ್ಟಿತೇ? ತಯಾರಕರು ಹೇಳಲಿಲ್ಲ. ಹೇಳದಿರುವುದು ಭೀಮಾಶಂಕರನಿಗೆ ಅಸಭ್ಯವೆನಿಸಿತು. ಪ್ರಶ್ನೆ ಹಾಕಿದವನಲ್ಲಿ ಉತ್ತರ ಇರಬೇಕು. ಉತ್ತರ ಸೊನ್ನೆಯಾದರೂ ಸರಿ, ಇರಬೇಕು. ಅವನ ತರ್ಕ ಸರಳವಾಗಿತ್ತು: ಕೊನೆಯ ದೃಶ್ಯದಲ್ಲಿ ಒಂದೂ ಆಕೃತಿ ಇಲ್ಲದಿದ್ದರೆ ಅವರು ಪಾರಾದರು, ಸುಖ ನಿಜ. ಒಂದೇ ಒಂದು ಸಿಕ್ಕರೂ ಸುಖ ಸುಳ್ಳು.

ನಿನ್ನೆ ಕಾಲೇಜಿನಲ್ಲಿ ಇತಿಹಾಸದ ಲಕ್ಷ್ಮಿಕಾಂತ, ಬೆರಳಿನ ಸುಣ್ಣ ಒರೆಸಿಕೊಳ್ಳುತ್ತ, "ಮೂವತ್ತೆಂಟು," ಎಂದಿದ್ದ.

ಇಂದು ಬೆಳಿಗ್ಗೆ ಹತ್ತು ಗಂಟೆಗೆ ಭೀಮಾಶಂಕರ ರಂಗಂಪೇಟೆಯ ಅವನ ಮನೆಯ ಕಟ್ಟೆಯ ಮೇಲಿದ್ದ.

"ಮೂವತ್ತೆಂಟನೇದು ಎಲ್ಲಿ ಅದ?"

"ಬರ್ರಿ, ಬರ್ರಿ. ಮೊದಲು ಚಾ ಕುಡೀರಿ. ದೆವ್ವ ಎಲ್ಲಿ ಓಡಿ ಹೋಗ್ತಾವ?"

"ಕೊನೀ ಕಂತಿನಾಗೇನು?"

"ಕೊನೀ ಸೀನಿನಾಗನ."

"ಪರದೀ ಕೆಳಗ?"

"ಪರದೀ ಕೆಳಗ ಚಪ್ಪಲಿ ಅದ. ನಾನೂ ಮೊದಲು ಮೋಸ ಹೋಗಿದ್ದೆ." ಲಕ್ಷ್ಮಿಕಾಂತ ನಕ್ಕ. "ಹೇಳಂಗಿಲ್ಲ ಬಿಡ್ರಿ. ಲೆಕ್ಕದ ಮಾಸ್ತರ ನೀವು, ನಾವು ಬರೇ ಸತ್ತ ರಾಜರ ಕಥಿ ಹೇಳೋರು. ಕಣ್ಣ ಮುಂದನ ಅದ, ನೋಡ್ಕೋರಿ."

ಚಹಾ ಬಂತು.

"ಮೇಡಂಗ ಬಡ್ತಿ ಆಗ್ಯಾದಂತ? ಯಾದಗಿರಿಗಿ ಹೊಂಟ್ರೇನು?"

"ನೋಡೂಣು."

"ಮತ್ತ ನೀವು?"

ಚಹಾ ಬಿಸಿಯಾಗಿತ್ತು. ಭೀಮಾಶಂಕರ ಅದನ್ನು ಬಿಸಿಯಾಗಿಯೇ ಕುಡಿದು ಎದ್ದ.

ಮನೆಗೆ ಬಂದಾಗ ತಾಯಿ ತಿಮ್ಮವ್ವ ಒಲೆಯ ಮುಂದೆ ಕುಳಿತು ರೊಟ್ಟಿಗಳನ್ನು ಬುಟ್ಟಿಗೆ ಎಣಿಸಿ ಹಾಕುತ್ತಿದ್ದಳು. "ಲಾಭ, ಎರಡು, ಮೂರು, ನಾಕು..."

ತನ್ನ ಹಳ್ಳಿ ದೇವಾಪುರದಲ್ಲಿದ್ದಷ್ಟು ಕಾಲ ಅವಳು ಜೋಳ ಅಳೆದವಳು. ರಾಶಿ ಅಳೆಯುವಾಗ ಮೊದಲ ಸೇರನ್ನು ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಎರಡರಿಂದ ಅಂಕಿ ಶುರು. ಸುರಪುರಕ್ಕೆ ಬಂದ ಮೇಲೆ ಅಳೆಯಲು ಜೋಳವಿರಲಿಲ್ಲ. ತಿಮ್ಮವ್ವ ರೊಟ್ಟಿ, ತಟ್ಟೆ, ಮಂದಿ ಎಲ್ಲವನ್ನೂ ಹಾಗೆಯೇ ಎಣಿಸಿದಳು. ಲಾಭವೆಂಬ ಸಂಖ್ಯೆ ಇಲ್ಲವೆಂದು ಮಗ ಎಷ್ಟೋ ಸಲ ತಿದ್ದಿದ್ದ. ಅವಳದು ಒಂದೇ ಉತ್ತರ: "ಮೊದಲಿಂದಕ್ಕ ಅಂಕಿ ಹಚ್ಚಬಾರದು. ಅದು ಮನೀದು."

ಊಟಕ್ಕೆ ಪುಂಡಿಪಲ್ಯವಿತ್ತು. ಚೆನ್ನಾಗಿತ್ತು. ಅತ್ತೆ ಸೊಸೆ ಮೆಣಸಿನಕಾಯಿಯ ಖಾರದ ಬಗ್ಗೆ ಮಾತಾಡಿಕೊಂಡರು. ಭೀಮಾಶಂಕರ ಮೂರು ರೊಟ್ಟಿ ತಾನೇ ತೆಗೆದುಕೊಂಡು ತಿಂದು ಮತ್ತೆ ಟೀವಿಯ ಮುಂದೆ ಕುಳಿತು ಕೊನೆಯ ದೃಶ್ಯ ಓಡಿಸಿದ. ತಿಮ್ಮವ್ವ ಎಲೆಯಡಿಕೆಯ ಚೀಲ ಹಿಡಿದು ಪಕ್ಕಕ್ಕೆ ಬಂದಳು.

"ಮತ್ತ ಅದನ?"

"ಹೂಂ."

ಅವಳು ಬೆರಳು ಚಾಚಿ ಟೀವಿಯಲ್ಲಿದ್ದವರನ್ನು ಎಣಿಸಿದಳು. ಬೆರಳು ಮೊದಲು ನಡುವೆ ಕುಳಿತ ತಂದೆಯ ಮೇಲೆ ಬಿತ್ತು. "ಲಾಭ, ಎರಡು, ಮೂರು, ನಾಕು." ಸ್ವಲ್ಪ ಹೊತ್ತು ನೋಡಿದಳು. "ಅಲ್ಲೋ ಭೀಮಾ, ಈ ನಡುಕಿನಾಂವಗ ಯಾಕ ಯಾರೂ ನೀಡವಲ್ರು?"

"ಯಾರಿಗಿ?"

"ಇಂವಗ. ಅನ್ನದ ಬೋಗಾಣಿ ಆ ಕಡಿಂದ ಈ ಕಡಿ ಹೊಂಟದ. ಇಂವನ ಮುಂದ ನಿಂದ್ರವಲ್ದು. ಮನಿ ಯಜಮಾನ ಅಲ್ಲೇನು? ಜಗಳ ಆಡ್ಯಾರೇನು?"

ಭೀಮಾಶಂಕರ ಆರನೆಯ ಕಂತಿಗೆ ಹಿಂದೆ ಹೋದ.

ಆರನೆಯ ಕಂತಿನಲ್ಲಿ ತಂದೆ ಮೆಟ್ಟಿಲಿನಿಂದ ಬೀಳುತ್ತಾನೆ; ಏಳುತ್ತಾನೆ; ಅಂಗಿಯ ಧೂಳು ಕೊಡವಿ ನಗುತ್ತಾನೆ. ಅಲ್ಲಿಂದ ಮುಂದೆ ಅವನೊಂದಿಗೆ ಯಾರೂ ಮಾತಾಡಿಲ್ಲ. ಅವನು ಮಾತಾಡುತ್ತಾನೆ. ಆಗಲೇ ಮಗಳು ಬೇರೆ ಯಾವುದಕ್ಕೋ ನಗುತ್ತಾಳೆ. ಎರಡನ್ನೂ ಕೂಡಿಸಿಕೊಂಡವನು ನೋಡುಗ. ಅವನ ಮುಂದಿನ ಲೋಟ ಏಳು, ಎಂಟು, ಒಂಬತ್ತು, ಹತ್ತು, ಈ ನಾಲ್ಕೂ ಕಂತುಗಳಲ್ಲಿ ತುಂಬಿಯೇ ಇದೆ.

ಮೂರು ಸಲ ಅಂಚುಗಳನ್ನು ಹುಡುಕಿದ್ದ ಭೀಮಾಶಂಕರ ನಡುವನ್ನು ಎಣಿಸಿರಲಿಲ್ಲ.

ಕೊನೆಯ ದೃಶ್ಯವನ್ನು ಮತ್ತೆ ಅದೇ ಸೆಕೆಂಡಿನಲ್ಲಿ ನಿಲ್ಲಿಸಿ, ಗ್ರಾಫ್ ಪುಸ್ತಕ ತೆರೆದು ಮೂವತ್ತೆಂಟು ಎಂದು ಬರೆದ. ಸ್ಥಾನದ ಅಂಕಣದಲ್ಲಿ: ಮೇಜಿನ ನಡುವೆ. ಪ್ರಮೇಯ ಮುಗಿದಾಗಿನ ತೃಪ್ತಿ ಮೈಯಲ್ಲಿ ಹರಡಿತು. ಸುಖ ಸುಳ್ಳೆಂದು ಸಿದ್ಧವಾಯಿತು. ಆದರೆ ನಾಲ್ವರಲ್ಲಿ ಹೆಚ್ಚು ಸುಖಿಯಾಗಿ ಕಾಣುತ್ತಿದ್ದವನು ಅವನೇ. ಇದಕ್ಕೆ ಅಂಕಣವಿರಲಿಲ್ಲ.

ಕೈ ಚಾಚಿದಾಗ ಲೋಟ ತಾಗಿತು. ಚಹಾ. ಮೇಲೆ ಕೆನೆ ಕಟ್ಟಿತ್ತು. ಯಾವಾಗ ಇಟ್ಟರು? ಇಟ್ಟವರು ಏನಾದರೂ ಅಂದರೇ? ಅವನು ಮನೆಯವರ ಮಾತುಗಳನ್ನು ಹಿಂದಕ್ಕೆ ಎಣಿಸಿದ. ತಾಯಿ ಮಾತಾಡಿದ್ದಳು. ಆದರೆ ಅವಳು ಟೀವಿಯೊಂದಿಗೂ ಮಾತಾಡುವವಳು. ಹೆಂಡತಿ ಅವನಿಗೆಂದು ಆಡಿದ ಕೊನೆಯ ಮಾತು "ಐತವಾರನ" ಎಂಬುದು. ಆಗ ಬೆಳಗಿನ ಎಂಟು.

ತಾನೂ ಆ ತಂದೆಯ ಹಾಗೆಯೋ ಎಂದು ಪರೀಕ್ಷಿಸಬಹುದು ಎನಿಸಿತು. ಅವನು ತಾನಾಗಿ ಮಾತಾಡುವುದಿಲ್ಲ. ಅವರು ಕೇಳಲಿ. ಕೇಳಿದರೆ ಕೊಡಲು ಉತ್ತರ ಈಗ ಸಿದ್ಧವಿತ್ತು: ನಾನೂ ಬರ್ತೀನಿ. ಎರಡೇ ಪದ. ಇಷ್ಟು ಚಿಕ್ಕ, ಇಷ್ಟು ಸ್ಪಷ್ಟ ವಾಕ್ಯ ಅವನಲ್ಲಿ ಮೂರು ವಾರದಿಂದ ಎಲ್ಲಿತ್ತೋ. ಪ್ರಶ್ನೆ ಬರುವುದೊಂದು ಬಾಕಿ.

ಸಂಜೆ ಐದಕ್ಕೆ ಅಡುಗೆಮನೆಯಲ್ಲಿ ಮಾತು ಕೇಳಿಸಿತು.

"ಅತ್ತಿ, ಅಲ್ಲಿ ನೀರು ಮೂರು ದಿನಕ್ಕೊಮ್ಮಿ ಬರ್ತಾವಂತ."

"ಬರಲಿ ಬಿಡು. ಇಲ್ಲೇನು ದಿನಾ ಗಂಗವ್ವ ಬಂದು ಕದ ಬಡೀತಾಳ?"

ಇಬ್ಬರೂ ನಕ್ಕರು.

"ನಮ್ಮ ಆಫೀಸಿನ ಶರೀಫಾಬೀ ಒಂದು ಮನಿ ನೋಡ್ಯಾಳ. ಟೇಶನ್ ಬಾಜೂಕ. ಎರಡು ಖೋಲಿ."

"ಸಾಕಲ್ಲ ಯವ್ವಾ. ದವಾಖಾನಿ ದೂರಿಲ್ಲಂದ್ರ ನನಗ ಮತ್ತೇನು ಬೇಕು?"

ಎರಡು ಕೋಣೆ. ಇಬ್ಬರಿಗೂ ಸಾಕು, ಮೂವರಿಗೂ ಸಾಕು. ದತ್ತಾಂಶ ಸಾಲದು. ಭೀಮಾಶಂಕರ ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿ ನಿಂತ. ಒಳಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಫ್ಯಾನು ಒಂದೇ ಲಯದಲ್ಲಿ ತಿರುಗುತ್ತಿತ್ತು. ಅವನಿಗೆ ದುಃಖವಿರಲಿಲ್ಲ. ನಿಜ ಹೇಳಬೇಕೆಂದರೆ ಹಾಯಾಗಿತ್ತು. ಒಳ್ಳೆಯ ಮನೆ, ಒಳ್ಳೆಯ ಜನ, ನಗು. ಎಷ್ಟು ಹೊತ್ತು ಬೇಕಾದರೂ ಹೀಗೆ ನಿಲ್ಲಬಹುದು ಎನಿಸಿತು. ಆ ಅನಿಸಿಕೆ ಮಾತ್ರ ಸ್ವಲ್ಪ ಚುಚ್ಚಿತು.

ಅನುರಾಧಾ ನಡುಮನೆಗೆ ಬಂದು ಕಿಟಕಿಯ ಬಳಿ ಕುಳಿತು ಅರ್ಜಿ ಬರೆದಳು. ನಾಲ್ಕೇ ಸಾಲು. ಒಮ್ಮೆ ತಲೆಯೆತ್ತಿ ಬಾಗಿಲಿನ ಕಡೆ ನೋಡಿದಳು. ಅವನನ್ನೋ, ಅವನ ತಲೆಯ ಮೇಲಿನ ಗಡಿಯಾರವನ್ನೋ? ಕಾಗದ ಮಡಿಸಿ ಚೀಲಕ್ಕೆ ಹಾಕಿ, ಅವನ ಪಕ್ಕದಿಂದಲೇ ಒಳಗೆ ಹೋದಳು. ಸೆರಗು ಅವನ ಕೈಗೆ ತಾಗಿತು. ತಾಗುವುದು ಪುರಾವೆಯಲ್ಲ, ಸೆರಗು ಚೌಕಟ್ಟಿಗೂ ತಾಗಿತ್ತು.

ಏಳೂವರೆಗೆ ತಿಮ್ಮವ್ವ ಊಟಕ್ಕೆ ತಟ್ಟೆ ಇಡಲು ಎದ್ದಳು. ನಡುಮನೆಯ ಟೀವಿಯಲ್ಲಿ ನಾಲ್ವರೂ ನಿಂತಲ್ಲೇ ನಿಂತಿದ್ದರು. ತುತ್ತು ಇನ್ನೂ ಬಾಯಿ ತಲುಪಿರಲಿಲ್ಲ.

ತಿಮ್ಮವ್ವ ಗೂಡಿನಿಂದ ಒಂದು ತಟ್ಟೆ ತೆಗೆದು ನೆಲಕ್ಕಿಟ್ಟಳು. "ಲಾಭ."

ಅದು ಯಾರ ತಟ್ಟೆಯೆಂದು ಭೀಮಾಶಂಕರ ಎಂದೂ ಕೇಳಿರಲಿಲ್ಲ.

"ಎರಡು."

ಅವಳ ಕೈ ಮತ್ತೆ ಗೂಡಿಗೆ ಹೋಯಿತು.

"ಅತ್ತಿ, ಜರಾ ಉಪ್ಪು ನೋಡ್ರಿ, ಬರ್ರಿ," ಎಂದು ಅನುರಾಧಾ ಒಳಗಿನಿಂದ ಕೂಗಿದಳು.

ತಿಮ್ಮವ್ವ ಆ ಕಡೆ ತಿರುಗಿದಳು. ಕೈ ಗೂಡಿನಲ್ಲೇ ಇತ್ತು, ಬೆರಳು ಸ್ಟೀಲಿನ ಅಂಚಿನ ಮೇಲೆ. ಬಾಗಿಲಲ್ಲಿ ಭೀಮಾಶಂಕರ ಮೂರು ಎಂಬ ಅಂಕಿಗಾಗಿ ಕಾಯುತ್ತ ನಿಂತ. ಮುಖದ ಮೇಲೆ ನಗು ಬಂದು ಕುಳಿತಿತ್ತು, ಬಾಯಿ ಅರ್ಧ ತೆರೆದಿತ್ತು, ಎರಡು ಪದಗಳು ಗಂಟಲಿಗೂ ನಾಲಗೆಗೂ ನಡುವೆ ನಿಂತಿದ್ದವು, ಯಾರೋ ಗುಂಡಿಯೊತ್ತಿದ ಹಾಗೆ.