ಮುನಿಕೃಷ್ಣಮ್ಮ ಒತ್ತಿದ ಲಿಂಕು

ಅನೀಸಾಳ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಸ್ಸು ನಿಲ್ಲಿಸದೆ ಹೋದರೆ ಬರುತ್ತಿತ್ತು, ಮುಂದಿನ ಬಸ್ಸು ಸಿಕ್ಕರೆ ಹೋಗುತ್ತಿತ್ತು. ಅವಳ ಸಿಟ್ಟಿಗೆ ಯಾರೂ ಅಷ್ಟಾಗಿ ಬೆಲೆ ಕೊಡುತ್ತಿರಲಿಲ್ಲ. ಆದರೆ ಡಿಸೆಂಬರ್ ಐದನೇ ತಾರೀಕು ಬಂದ ಸಿಟ್ಟು ಹಾಗೆ ಬಂದು ಹೋಗುವಂಥದ್ದಾಗಿರಲಿಲ್ಲ. ಅದರಲ್ಲಿ ದೊಡ್ಡ ಪಾಲು ಅವಳಿಗೇ ಸೇರಬೇಕಾಗಿತ್ತು, ಮತ್ತು ಅದು ಅವಳಿಗೆ ಗೊತ್ತಿತ್ತು.

ಬಾಗಲಗುಂಟೆಯಲ್ಲಿ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಮಾಲೀಕ ಮುಜಫ್ಫರ್, ಅನೀಸಾ, ಇನ್ನಿಬ್ಬರು. ಸಣ್ಣಪುಟ್ಟ ಸಂಸ್ಥೆಗಳ ವೆಬ್‌ಸೈಟುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಇದ್ದವರಲ್ಲಿ ದೊಡ್ಡ ಗಿರಾಕಿ ಎಂದರೆ ಜಾಲಹಳ್ಳಿಯ ಕಡೆ ಕಾರ್ಖಾನೆಯೊಂದರ ನಿವೃತ್ತ ನೌಕರರು ಕಟ್ಟಿಕೊಂಡಿದ್ದ ವೈದ್ಯಕೀಯ ನೆರವಿನ ಟ್ರಸ್ಟು. ಆವತ್ತು ಅನೀಸಾ ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬಂದು ಮುಟ್ಟುವ ಹೊತ್ತಿಗೆ ಆಫೀಸಿನ ಮೆಟ್ಟಿಲ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಮಡಚಿ ಮಡಚಿ ಸವೆದ ಜೆರಾಕ್ಸ್ ಹಾಳೆ.

ಅವರು ಅಬ್ಬಿಗೆರೆಯ ಮುನಿಕೃಷ್ಣಮ್ಮ. ಗಂಡ ನರಸಯ್ಯ ಆ ಕಾರ್ಖಾನೆಯ ಫೌಂಡ್ರಿಯಲ್ಲಿ ಮೂವತ್ತೆರಡು ವರ್ಷ ದುಡಿದವರು. ಈಗ ಎರಡೂ ಕಿಡ್ನಿ ಕೈಕೊಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು. ಟ್ರಸ್ಟಿನ ಕಾರ್ಡು ಇರುವವರೆಗೆ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಸರಾಗವಾಗಿ ನಡೆಯುತ್ತಿತ್ತು. ನವೆಂಬರ್ ಶುರುವಿನಲ್ಲಿ ಕಾರ್ಡು ಬಂದ್ ಆಯಿತು. ಈಗ ಬೇರೆ ಕಡೆ ಸರದಿ ಕಾಯಬೇಕು, ವಾರಕ್ಕೆ ಎರಡು ಸಲ ಸಿಕ್ಕರೆ ಪುಣ್ಯ. ಮನುಷ್ಯನ ಕಾಲು ಊದಿಕೊಂಡಿದೆ, ಮಲಗಿದರೆ ಉಸಿರು ಕಟ್ಟುತ್ತದೆ.

ಕಾರ್ಡು ಬಂದ್ ಆಗಲು ಕಾರಣ ಒಂದು ಲಿಂಕು. ವರ್ಷಕ್ಕೊಮ್ಮೆ ಅಕ್ಟೋಬರಿನಲ್ಲಿ ಟ್ರಸ್ಟಿನಿಂದ ಎಲ್ಲ ಸದಸ್ಯರ ಮೊಬೈಲಿಗೆ ಮೆಸೇಜು ಬರುತ್ತದೆ. ಅದರಲ್ಲಿರುವ ಲಿಂಕಿನಲ್ಲೇ ಅವರವರ ಕಾರ್ಡಿನ ನಂಬರು ಸೇರಿರುತ್ತದೆ. ಒತ್ತಿದರೆ ಸಾಕು, ಟ್ರಸ್ಟಿನ ಸೈಟು ಧನ್ಯವಾದ ಹೇಳಿ, ಸದಸ್ಯ ಬದುಕಿದ್ದಾನೆ ಎಂದು ಬರೆದುಕೊಳ್ಳುತ್ತದೆ. ಅರ್ಜಿ ತುಂಬಲು ಕಷ್ಟವಾಗುವ ಮುದುಕರಿಗೆ ಸುಲಭವಾಗಲಿ ಎಂದು ಮಾಡಿದ ಏರ್ಪಾಡು. ತಿಂಗಳೊಳಗೆ ಒತ್ತದವರಿಗೆ ಮುಂದಿನ ಅಕ್ಟೋಬರಿನವರೆಗೆ ಕಾರ್ಡಿಲ್ಲ. ನರಸಯ್ಯನವರ ಕಣ್ಣು ಮಂಜಾದ್ದರಿಂದ ಒತ್ತುವ ಕೆಲಸ ಹೆಂಡತಿಯದು. ಈ ಸಲವೂ ಒತ್ತಿದ್ದರು. ಟ್ರಸ್ಟಿನ ಅಧ್ಯಕ್ಷರು ಕೈಮುಗಿದು ನಿಂತ ಫೋಟೋ ಬಂದಿತ್ತು, ಮೇಲೆ ‘ಭೇಟಿಗೆ ಧನ್ಯವಾದಗಳು’ ಎಂದಿತ್ತು. ಕೆಲಸ ಆಯಿತು ಎಂದುಕೊಂಡರು.

ಕಾರ್ಡು ಬಂದ್ ಆದ ಮೇಲೆ ಟ್ರಸ್ಟಿನ ಕಚೇರಿಗೆ ನಾಲ್ಕು ಸಲ ಅಲೆದರು. ನೀವು ಒತ್ತಿಲ್ಲ, ಒತ್ತಿದ್ದರೆ ನಮ್ಮಲ್ಲಿ ದಾಖಲಾಗುತ್ತಿತ್ತು ಎಂದು ನಾಲ್ಕು ಸಲವೂ ಹೇಳಿದರು. ಕೊನೆಯ ಸಲ ಗುಮಾಸ್ತನಿಗೆ ಬೇಜಾರಾಗಿ, ವೆಬ್‌ಸೈಟಿನ ಅಕ್ಟೋಬರ್ ತಿಂಗಳ ವರದಿಯನ್ನೇ ಜೆರಾಕ್ಸ್ ಮಾಡಿ ಕೈಗೆ ಕೊಟ್ಟು, ನೋಡಿಕೊಳ್ಳಿ, ನಮ್ಮಲ್ಲಿ ಒಂದೇ ಒಂದು ಲಿಂಕು ಕೆಟ್ಟಿಲ್ಲ ಎಂದ. ಹಾಳೆಯಲ್ಲಿ ‘ಕೆಟ್ಟ ಲಿಂಕುಗಳು: ಸೊನ್ನೆ’ ಎಂದಿತ್ತು. ಕೆಳಗೆ ಅನೀಸಾಳ ಸಹಿ, ಬಾಗಲಗುಂಟೆಯ ವಿಳಾಸ. ಆ ವಿಳಾಸ ಹಿಡಿದು ಬಂದಿದ್ದರು ಆಕೆ, ಜಗಳಕ್ಕಲ್ಲ, ಕಲಿಯಲು.

“ನಂಗೆ ಮೊಬೈಲು ಸರಿಯಾಗ್ ಬರಾಕಿಲ್ಲ ಕಣವ್ವ,” ಎಂದರು ಮುನಿಕೃಷ್ಣಮ್ಮ. “ನಾನೇ ಎಲ್ಲೋ ತಪ್ಪು ಒತ್ತಿರ್ಬೇಕು. ನಮ್ಮನೆಯವ್ರು ಒಂದ್ ತಿಂಗ್ಳಿಂದ ನನ್ನ ಮಾತಾಡ್ಸಾಕಿಲ್ಲ. ಎಂಗೆ ಒತ್ಬೇಕಿತ್ತು ಅಂತ ಒಂದ್ಸಲ ತೋರ್ಸ್‌ಕೊಡು.” ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು.

ಅನೀಸಾ ಮೊಬೈಲು ಇಸಿದುಕೊಂಡು ಮೆಸೇಜು ತೆರೆದಳು. ಲಿಂಕಿನ ಅರ್ಧ ಓದುವಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು. ಅದನ್ನು ಹೇಳಲಿಲ್ಲ. ನೀರು ಕೊಟ್ಟಳು, ಕಾರ್ಡಿನ ನಂಬರು, ಫೋನ್ ನಂಬರು ಬರೆದುಕೊಂಡಳು, ನೋಡಿ ಹೇಳುತ್ತೇನೆ ಎಂದು ಕಳಿಸಿಕೊಟ್ಟಳು.

ಆದದ್ದು ಇಷ್ಟು. ಜೂನ್ ತಿಂಗಳಲ್ಲಿ ಟ್ರಸ್ಟಿನ ಹಳೆಯ ಸೈಟು ತೆಗೆದು ಹೊಸದು ಕಟ್ಟಿದರು. ಪುಟಗಳ ವಿಳಾಸಗಳೆಲ್ಲ ಬದಲಾಗಿ, ಹಳೆಯ ಲಿಂಕುಗಳು ಮುನ್ನೂರ ನಲವತ್ತು ಕೆಟ್ಟು ಕೂತವು. ಪ್ರತಿ ತಿಂಗಳು ಒಂದು ಪ್ರೋಗ್ರಾಂ ಓಡಿಸಿ ಲಿಂಕುಗಳನ್ನು ಪರೀಕ್ಷಿಸಿ ಟ್ರಸ್ಟಿಗೆ ವರದಿ ಕೊಡಬೇಕು. ಕೆಟ್ಟದ್ದು ಕೆಂಪು, ಸರಿಯಿದ್ದದ್ದು ಹಸಿರು. ಒಂದೊಂದನ್ನೂ ಹುಡುಕಿ ಹೊಸ ಪುಟಕ್ಕೆ ಜೋಡಿಸಲು ಅನೀಸಾ ಮೂರು ವಾರ ಕೇಳಿದಳು. ಮುಜಫ್ಫರ್ ಒಂದು ಮಧ್ಯಾಹ್ನ ಕೊಟ್ಟ. ಮೂರು ವಾರದ ಕೆಲಸ ಒಂದು ಮಧ್ಯಾಹ್ನದಲ್ಲಿ ಹೇಗೆ ಆಗುತ್ತದೆ ಎಂದರೆ, ಒಂದೇ ಸಾಲಿನಲ್ಲಿ ಆಗುತ್ತದೆ ಎಂದ. ಇಲ್ಲದ ಪುಟ ಯಾರು ಕೇಳಿದರೂ ಮುಖಪುಟಕ್ಕೆ ಕಳಿಸು, ಅಷ್ಟೇ. ಏನೋ ಒಂದು ಪುಟ ತೆರೆದರೆ ಪರೀಕ್ಷೆಯ ಪ್ರೋಗ್ರಾಂ ಹಸಿರು ತೋರಿಸುತ್ತದೆ, ಯಾವ ಪುಟ ತೆರೆಯಿತು ಎಂದು ಅದು ಕೇಳುವುದಿಲ್ಲ. ಇದು ತಿಪ್ಪೆ ಸಾರಿಸುವ ಕೆಲಸ ಎಂದು ಅನೀಸಾ ಎರಡು ಸಲ ಹೇಳಿದಳು. ಮೂರನೇ ಸಲ ಹೇಳದೆ ಆ ಸಾಲು ಬರೆದಳು.

ಟ್ರಸ್ಟಿನವರು ಹೊಸ ಸದಸ್ಯರ ಮೆಸೇಜಿನಲ್ಲಿ ಲಿಂಕು ಬದಲಿಸಿದ್ದರು. ಹತ್ತು ವರ್ಷಕ್ಕಿಂತ ಹಿಂದೆ ನಿವೃತ್ತರಾದವರ ಪಟ್ಟಿ ಬೇರೆಯೇ ಇತ್ತು, ಅದಕ್ಕೆ ಹಳೆಯ ಲಿಂಕೇ ಹೋಯಿತು. ಹಾಗಾಗಿ ಎಲ್ಲರಿಗಿಂತ ಮುದುಕರು ಯಾರೋ ಅವರೆಲ್ಲ ಲಿಂಕು ಒತ್ತಿ, ಅಧ್ಯಕ್ಷರ ನಮಸ್ಕಾರ ನೋಡಿ, ಮೊಬೈಲು ಕೆಳಗಿಟ್ಟಿದ್ದರು. ‘ಈ ಪುಟ ಇಲ್ಲ’ ಎಂದು ನೆಟ್ಟಗೆ ಬಂದಿದ್ದರೆ ಅವತ್ತೇ ಯಾರನ್ನಾದರೂ ಕೇಳುತ್ತಿದ್ದರು. ಕೆಟ್ಟ ಲಿಂಕಿಗೂ ಒಂದು ಪ್ರಾಮಾಣಿಕತೆ ಇರುತ್ತದೆ. ಅದನ್ನೂ ಅನೀಸಾ ಕಿತ್ತುಹಾಕಿದ್ದಳು.

ಅವಳು ಸರ್ವರಿನ ಲಾಗು ತೆರೆದಳು. ಯಾರು, ಯಾವ ಲಿಂಕು, ಎಷ್ಟು ಹೊತ್ತಿಗೆ ಒತ್ತಿದರು ಎಂದು ಸರ್ವರ್ ತನ್ನಷ್ಟಕ್ಕೆ ಬರೆದಿಡುವ ದಿನಚರಿ ಅದು. ಅರವತ್ತು ದಿನ ಇಟ್ಟುಕೊಂಡು ಆಮೇಲೆ ಅಳಿಸಿಹಾಕುತ್ತದೆ. ನರಸಯ್ಯನವರ ಕಾರ್ಡಿನ ನಂಬರು ಹಾಕಿ ಹುಡುಕಿದಳು. ಅಕ್ಟೋಬರ್ ಒಂಬತ್ತು, ಬೆಳಿಗ್ಗೆ ಹತ್ತು ಹನ್ನೆರಡು. ಅದೇ ದಿನ ಹತ್ತು ಹದಿಮೂರು. ಅಕ್ಟೋಬರ್ ಇಪ್ಪತ್ತು, ಸಂಜೆ ಆರು. ಯಾತಕ್ಕೂ ಇರಲಿ ಎಂದು ಮತ್ತೆ ಮತ್ತೆ ಒತ್ತಿದ್ದರು. ಗಂಡ ಬದುಕಿದ್ದಾನೆ ಎಂದು ಆ ಹೆಂಗಸು ಮೂರು ಸಲ ಹೇಳಿದ್ದರು.

ಸೈಟಿನ ದಾಖಲೆಯಂತೆ ಬಂದ್ ಆದ ಕಾರ್ಡುಗಳು ಒಟ್ಟು ಮುನ್ನೂರ ಹದಿನೆಂಟು. ಅದರಲ್ಲಿ ಇನ್ನೂರ ತೊಂಬತ್ತೊಂದು ಲಾಗಿನಲ್ಲಿ ಸಿಕ್ಕವು. ಉಳಿದ ಇಪ್ಪತ್ತೇಳು ಜನ ಅಕ್ಟೋಬರಿನ ಮೊದಲ ದಿನಗಳಲ್ಲೇ ಒತ್ತಿರಬೇಕು, ಆ ದಿನಗಳು ಆಗಲೇ ಅಳಿಸಿಹೋಗಿದ್ದವು. ಬೇಗ ಒತ್ತಿದವರಿಗೇ ಸಾಕ್ಷಿ ಇಲ್ಲ. ಇನ್ನು ಮೂರು ದಿನ ಸುಮ್ಮನಿದ್ದರೆ ಒಂಬತ್ತನೇ ತಾರೀಕೂ ಇರುವುದಿಲ್ಲ. ಅನೀಸಾಳ ಮೈಯೆಲ್ಲ ಉರಿಯಿತು. ಲಾಗನ್ನು ಪೂರ್ತಿ ನಕಲು ಮಾಡಿಕೊಂಡಳು, ಆಮೇಲೆ ತಾನು ಬರೆದ ಸಾಲನ್ನು ಕಿತ್ತಳು. ಪರದೆಯ ತುಂಬ ಕೆಂಪು ಎದ್ದುಬಂತು. ಮೊದಲು ಮುದುಕರ ಲಿಂಕನ್ನು ಸರಿಯಾದ ಪುಟಕ್ಕೆ ಜೋಡಿಸಿದಳು. ಹತ್ತು ನಿಮಿಷ ಹಿಡಿಯಿತು. ಜೂನಿನಲ್ಲೇ ಮಾಡಬಹುದಾಗಿದ್ದ ಹತ್ತು ನಿಮಿಷ.

ಮುಜಫ್ಫರ್ ಹನ್ನೊಂದಕ್ಕೆ ಬಂದ. ಕೆಂಪು ನೋಡಿ ದಖ್ನಿಯಲ್ಲಿ ಬೈದ, ವಿಷಯ ತಿಳಿದ ಮೇಲೆ ದನಿ ತಗ್ಗಿಸಿದ. ಲಿಂಕು ಸರಿಮಾಡಿದೆಯಲ್ಲ, ಮುಂದಿನ ಅಕ್ಟೋಬರಿಗೆ ಎಲ್ಲ ಸರಿಹೋಗುತ್ತದೆ, ಈಗ ಬಾಯಿ ಬಿಟ್ಟರೆ ಗುತ್ತಿಗೆ ಹೋಗುತ್ತದೆ, ನಾಲ್ಕು ಜನರ ಅನ್ನ ಹೋಗುತ್ತದೆ ಎಂದ. ಅವನು ಕೆಟ್ಟವನಲ್ಲ. ಅನೀಸಾಳ ತಂದೆ ತೀರಿಕೊಂಡಾಗ ಜನಾಜಾಕ್ಕೆ ಹೆಗಲು ಕೊಟ್ಟವನು. ಹೇಳಿದ್ದೂ ಸುಳ್ಳಲ್ಲ, ಆ ನಾಲ್ಕು ಜನರಲ್ಲಿ ಅವಳೂ ಒಬ್ಬಳು. ಇದೆಲ್ಲ ಗೊತ್ತಿದ್ದುದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

“ಮುಂದಿನ ಅಕ್ಟೋಬರ್‌ವರೆಗೆ ಆ ಮನುಷ್ಯ ಇರ್ಬೇಕಲ್ಲ ಭಾಯ್,” ಎಂದಳು. “ಮೂರು ಸಲ ಒತ್ತಿದಾರೆ. ಮೂರು ಸಲಾನೂ ಥ್ಯಾಂಕ್ಸ್ ಹೇಳಿ ಸಾಗಹಾಕಿದೀವಿ.”

ಮುಜಫ್ಫರ್ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ನೀನು ಟ್ರಸ್ಟಿನವರ ಹತ್ತಿರ ಹೋಗುವುದಾದರೆ ನಿನ್ನ ಹೆಸರಿನಲ್ಲಿ ಹೋಗು, ನನ್ನ ಆಫೀಸಿನ ಹೆಸರಿನಲ್ಲಿ ಬೇಡ ಎಂದ.

ಮರುದಿನ ಅನೀಸಾ ಲಾಗಿನಲ್ಲಿ ಸಿಕ್ಕವರ ಹದಿನಾಲ್ಕು ಹಾಳೆಗಳ ಪಟ್ಟಿ ಹಿಡಿದು ಟ್ರಸ್ಟಿನ ಕಚೇರಿಗೆ ಹೋದಳು. ಕಾರ್ಯದರ್ಶಿ ಹೊನ್ನಗಂಗಯ್ಯ ಅದೇ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಕಾಗದಪತ್ರದಲ್ಲಿ ಬಲು ಶಿಸ್ತು. ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು. ಆಮೇಲೆ ಫೈಲಿನಿಂದ ಹಸಿರು ವರದಿ ತೆಗೆದು ಪಕ್ಕದಲ್ಲಿಟ್ಟರು. ಸಮಿತಿ ಒಪ್ಪಿ ಮೊಹರು ಹಾಕಿದ ವರದಿ ಇದು, ಇದನ್ನು ಸುಳ್ಳು ಅನ್ನುವುದಾದರೆ ಜನವರಿಯ ಸಭೆಗೆ ಇಡಬೇಕಾಗುತ್ತದೆ ಎಂದರು. ಪಟ್ಟಿಯಲ್ಲಿ ಸಿಗದ ಇಪ್ಪತ್ತೇಳು ಜನರನ್ನಂತೂ ನಿಯಮದ ಪ್ರಕಾರ ಪರಿಗಣಿಸಲು ಬರುವುದೇ ಇಲ್ಲ.

ಜನವರಿ ಎಂದ ಕೂಡಲೇ ಅನೀಸಾಳಿಗೆ ಊದಿಕೊಂಡ ಕಾಲುಗಳು ನೆನಪಾದವು. ಅವಳು ಅವನ್ನು ನೋಡಿರಲಿಲ್ಲ, ಕೇಳಿದ್ದಳಷ್ಟೇ. ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ಅಷ್ಟು ಜನಕ್ಕೂ ಹೋಗಿದ್ದು ಒಂದೇ ಹಳೇ ಲಿಂಕು ಸಾರ್, ಕಾರ್ಡ್ ನಂಬರು ಮಾತ್ರ ಬೇರೆ. ಒಬ್ರಿಗೆ ಕೆಟ್ಟಿದ್ರೆ ಎಲ್ರಿಗೂ ಕೆಟ್ಟಿತ್ತು. ಬದುಕಿದೀವಿ ಅಂತ ಅವ್ರು ಹೇಳಿದಾರೆ, ಕೇಳಿಸ್ಕೊಳ್ದೆ ಇದ್ದಿದ್ದು ನಾವು. ಆ ಹಸಿರು ವರದಿ ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಸಹಿ ಹಾಕಿದೀನಿ. ಬೇಕಾದ್ರೆ ಬರ್ಕೊಡ್ತೀನಿ.”

ಬರೆದುಕೊಡುತ್ತೇನೆ ಎಂಬ ಮಾತು ಕೇಳಿದ್ದೇ ಹೊನ್ನಗಂಗಯ್ಯನವರ ಮುಖ ಸಡಿಲವಾಯಿತು. ಅವರೇ ಬಿಳಿ ಹಾಳೆ ಕೊಟ್ಟರು, ಪೆನ್ನಿನ ಮುಚ್ಚಳವನ್ನೂ ತೆಗೆದು ಕೊಟ್ಟರು. ಅನೀಸಾ ತನ್ನ ಹೆಸರು, ತಂದೆಯ ಹೆಸರು, ಮಾಡಿದ ಕೆಲಸ ಎಲ್ಲ ಬರೆದು ಸಹಿ ಹಾಕಿದಳು. ಮಧ್ಯಾಹ್ನ ನಾಲ್ಕಕ್ಕೆಲ್ಲ ಮುನ್ನೂರ ಹದಿನೆಂಟು ಕಾರ್ಡುಗಳೂ ಜೀವ ತಳೆದವು. ಒಂದು ತಿಂಗಳು ಸಾಯುವವರು ಬಂದು ಅತ್ತರೂ ಅಲುಗದಿದ್ದ ನಿಯಮ, ತಪ್ಪು ಹೊರಿಸಲು ಒಂದು ತಲೆ ಸಿಕ್ಕ ಕೂಡಲೇ ಪಕ್ಕಕ್ಕೆ ಸರಿದು ಕೂತಿತು. ಥೂ ಎನಿಸಿತು ಅನೀಸಾಳಿಗೆ. ಇವರಿಗೂ ಥೂ, ತನಗೂ ಥೂ.

ಕಚೇರಿಯ ಹೊರಗೆ ಬರುವಷ್ಟರಲ್ಲಿ ಮುಜಫ್ಫರನ ಫೋನು ಬಂತು. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಸೋಮವಾರದಿಂದ ಬರುವುದು ಬೇಡ ಎಂದ, ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಆಯಿತು ಎಂದಳು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅಬ್ಬಿಗೆರೆಗೆ ಫೋನು ಮಾಡಿದಳು.

ಕಾರ್ಡು ಸರಿಹೋಗಿದೆ, ನಾಳೆಯಿಂದಲೇ ಹೆಬ್ಬಾಳಕ್ಕೆ ಹೋಗಬಹುದು ಎಂದಾಗ ಮುನಿಕೃಷ್ಣಮ್ಮ ಒಂದೇ ಸಮನೆ ಹರಸಿದರು. ನಿನ್ನ ಹೊಟ್ಟೆ ತಣ್ಣಗಿರಲಿ, ದೇವರು ಬಂದಂತೆ ಬಂದೆ, ನನ್ನ ತಪ್ಪನ್ನು ನೀನು ತಿದ್ದಿದೆ ಎಂದರು. ಹರಕೆ ಇಸಿದುಕೊಂಡು ಫೋನಿಟ್ಟುಬಿಡಬಹುದಾಗಿತ್ತು. ಆ ಕೊನೆಯ ಮಾತು ಅನೀಸಾಳನ್ನು ಬಿಡಲಿಲ್ಲ.

“ಅಮ್ಮಾ, ನೀವು ತಪ್ಪು ಒತ್ತಿರ್ಲಿಲ್ಲ. ಸರಿಯಾಗೇ ಒತ್ತಿದ್ರಿ, ಮೂರು ಸಲ. ಲಿಂಕ್ ಕೆಟ್ಟಿತ್ತು. ಅದು ಕೆಟ್ಟಿದ್ದು ಕಾಣದಂಗೆ ಮಾಡಿದ್ದು ನಾನು.”

ಆ ಕಡೆಯಿಂದ ಬಂದ ದನಿ ಬೇರೆಯೇ ಆಗಿತ್ತು.

“ನಿನ್ನೆ ನಿನ್ನ ಮುಂದೆ ಕೂತು ಅಳ್ತಿದ್ನಲ್ಲ, ಆವಾಗ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

“ನೀರು ಕುಡ್ಸಿ ಕಳಿಸ್ದೆ.”

ಅನೀಸಾ ಹೌದು ಎಂದಳು.

“ಒಂದ್ ತಿಂಗ್ಳು ತಟ್ಟೆ ಇಟ್ರೆ ಮುಖ ತಿರುಗಿಸ್ಕೊಂಡು ಉಂಡವ್ರೆ ನನ್ನ ಗಂಡ. ನಿನ್ನಿಂದ ಸಾಯ್ತೀನಿ ಅಂದವ್ರೆ. ನಾನು ಏಳಿದ್ರೆ ನಂಬಾಕಿಲ್ಲ. ತಗ, ನೀನೇ ಏಳ್ಬುಡು.”

ಫೋನು ಕೈ ಬದಲಾಯಿಸಿದ ಸದ್ದಾಯಿತು. ಆಮೇಲೆ ಕಷ್ಟಪಟ್ಟು ಎಳೆಯುವ ಉಸಿರು, ಯಾರು ಎಂದು ಕೇಳುವ ಒಣಗಿದ ದನಿ. ಅನೀಸಾ ಮೊದಲು ತನ್ನ ಹೆಸರು ಹೇಳಿದಳು. ಅಕ್ಟೋಬರ್ ಒಂಬತ್ತರ ಬೆಳಿಗ್ಗೆಯಿಂದ ಶುರುಮಾಡಿ, ಒಂದನ್ನೂ ಬಿಡದೆ, ಹಸಿರು ವರದಿಗೆ ಸಹಿ ಹಾಕಿದ್ದರ ತನಕ ಹೇಳಿದಳು. ನರಸಯ್ಯ ಬೈಯುತ್ತಾರೆ ಎಂದು ಕಾದು ಕೂತಳು.

ಅವರು ಬೈಯಲಿಲ್ಲ. ಫೋನನ್ನು ಬಾಯಿಂದ ದೂರ ಹಿಡಿದು ಕರೆದರು. “ಕೃಷ್ಣಮ್ಮ, ಬಾ ಇಲ್ಲಿ.”

ಒಳಗೆಲ್ಲೋ ದೂರದಿಂದ ಮುನಿಕೃಷ್ಣಮ್ಮನವರ ದನಿ ಬಂತು. “ಬರಾಕಿಲ್ಲ.”